ಪರ–ವಿರೋಧ: ಗ್ರಾಮ ಸಭೆ ಹಳೆಯ ಲೆಕ್ಕ ಒಪ್ಪುವ ತನಕ ಹೊಸ ಕಾಮಗಾರಿಗೆ ಹಣ ಬಿಡಬಾರದೇ?

ಪರ
ಓದಿ ಹೇಳಲಿ, ಅಳೆದು ತೋರಿಸಲಿ, ಆಮೇಲೆ ಹಣ

ನಮ್ಮ ಬೀದಿಯ ಚರಂಡಿಯನ್ನು ನಾನು ಅಳೆದದ್ದು ಬಟ್ಟೆ ಅಳೆಯುವ ಟೇಪಿನಲ್ಲಿ. ಹೊಲಿಗೆ ನನ್ನ ಕಸುಬು, ಮನೆಯಲ್ಲಿದ್ದ ಅಳತೆಯ ಸಾಮಾನು ಅದೊಂದೇ. 60 ಇಂಚಿನ ಟೇಪು, ಅಂದರೆ 5 ಅಡಿ. ಪಕ್ಕದ ಮನೆಯವರು ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿ ಹಿಡಿದೆ. ಟೇಪು ಮುಗಿದಲ್ಲೆಲ್ಲ ಬಟ್ಟೆಗೆ ಗುರುತು ಹಾಕುವ ಚಾಕ್‌ನಿಂದ ಗೆರೆ ಎಳೆದೆವು. 46ನೇ ಗೆರೆಗೆ ಚರಂಡಿ ಮುಗಿಯಿತು. 230 ಅಡಿ, ಹೆಚ್ಚೂಕಡಿಮೆ 70 ಮೀಟರ್. ಪಂಚಾಯಿತಿ ಬಿಲ್ಲಿನಲ್ಲಿ ಬರೆದಿದ್ದದ್ದು 120 ಮೀಟರ್.

ಚರಂಡಿ ಮುಗಿದ ಜಾಗದಲ್ಲೇ ಬೀದಿಯ ನೀರೆಲ್ಲ ನಿಲ್ಲುತ್ತದೆ. ಅಲ್ಲಿ ಮೂರು ಮನೆಗಳಿವೆ. ಆ ಮೂರೂ ಮನೆಗಳ ಮಕ್ಕಳಿಗೆ ಮಳೆಗಾಲದಲ್ಲಿ ಜ್ವರ ತಪ್ಪುವುದಿಲ್ಲ. ಆದ್ದರಿಂದ 50 ಮೀಟರ್ ಎಂದರೆ ನನಗೆ ಬರಿಯ ಅಂಕಿಯಲ್ಲ.

ಚೀಟಿಯಲ್ಲಿ ಲೆಕ್ಕ ಬರೆದುಕೊಂಡು ಗ್ರಾಮ ಸಭೆಗೆ ಹೋದೆ. ನಮ್ಮ ಸಂಘದ ಆರು ಹೆಂಗಸರು ಜೊತೆಗೆ ಬಂದರು. ಬಾಗಿಲಲ್ಲೇ ಪುಸ್ತಕ ಮುಂದೆ ಚಾಚಿ ಸಹಿ ಹಾಕಿಸಿಕೊಂಡರು. ಜಮಾ ಖರ್ಚಿನ ವಿಷಯ ಬಂದಾಗ ಎದ್ದು ನಿಂತು, ಅಳತೆ ಪುಸ್ತಕ ತೋರಿಸಿ ಎಂದು ಕೇಳಿದೆ. ‘ಅದು ಎಂಜಿನಿಯರ್ ಹತ್ತಿರ ಇದೆ ಅಕ್ಕಾ, ಪರಿಶೀಲಿಸ್ತೀವಿ, ಕೂತ್ಕೊಳ್ಳಿ’ ಎಂದರು. ಅಷ್ಟರಲ್ಲಿ ಮನೆ ಹಂಚಿಕೆಯ ಪಟ್ಟಿ ಬಂತು, ಸಭೆಯೆಲ್ಲ ಅದರ ಮೇಲೆ ಬಿತ್ತು. ನನ್ನ ಚೀಟಿ ನನ್ನ ಕೈಯಲ್ಲೇ ಉಳಿಯಿತು.

ಆ ಸಭೆಯ ನಡಾವಳಿಯ ಪ್ರತಿಯನ್ನು ಆಮೇಲೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತೆಗೆಸಿದೆ. ಅದರಲ್ಲಿ ಹೀಗಿತ್ತು: ಜಮಾ ಖರ್ಚನ್ನು ಸಭೆಗೆ ಓದಿ ಹೇಳಲಾಯಿತು, ಸಭೆಯು ಸರ್ವಾನುಮತದಿಂದ ಅನುಮೋದಿಸಿತು. ಕೆಳಗೆ ಸಹಿಗಳ ಸಾಲು. 17ನೆಯದು ನನ್ನದು. ಹಾಜರಿಗೆಂದು ಬಾಗಿಲಲ್ಲಿ ಹಾಕಿದ ಸಹಿ ಒಳಗೆ ಒಪ್ಪಿಗೆಯಾಗಿ ಹೋಗಿತ್ತು. ನಾನು ಎದ್ದು ಕೇಳಿದ್ದರ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಓದಿದಾಗ ನನಗೆ ಬಂದದ್ದು ಸಿಟ್ಟಿಗಿಂತ ಹೆಚ್ಚಾಗಿ ಅವಮಾನ. 50 ಮೀಟರ್ ಚರಂಡಿ ನುಂಗಿದ್ದಕ್ಕೆ ನಾನೇ ಸಾಕ್ಷಿ ಹಾಕಿದಂತಾಗಿತ್ತು.

ಈ ಪ್ರಶ್ನೆಗೆ ನನ್ನ ಉತ್ತರ ಅಂದೇ ತೀರ್ಮಾನವಾಯಿತು. ಹಳೆಯ ಲೆಕ್ಕ ಓದಿ ಹೇಳಬೇಕು, ಅಳೆದು ತೋರಿಸಬೇಕು, ಜನ ಹೌದು ಎನ್ನಬೇಕು. ಅಲ್ಲಿಯ ತನಕ ಹೊಸ ಕೆಲಸಕ್ಕೆ ಒಂದು ರೂಪಾಯಿಯೂ ಬಿಡಬಾರದು.

ಕಾನೂನಿಗೆ ನಮ್ಮಲ್ಲಿ ಬರವಿಲ್ಲ. ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು, ಅದೇ ವರ್ಷ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯೂ ಬಂತು. ಅದಕ್ಕೂ ಹತ್ತು ವರ್ಷ ಮೊದಲೇ, 1983ರಲ್ಲಿ, ಅಬ್ದುಲ್ ನಜೀರ್ ಸಾಬ್ ಅವರು ಮಂತ್ರಿಯಾಗಿದ್ದಾಗ ಈ ರಾಜ್ಯ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳ ಕಾನೂನು ಮಾಡಿತ್ತು. ಹಳ್ಳಿಹಳ್ಳಿಗೂ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದು ಕರೆದರು. 2015ರ ತಿದ್ದುಪಡಿಯಲ್ಲಿ ಕಾಯ್ದೆಯ ಹೆಸರಿಗೆ ‘ಗ್ರಾಮ ಸ್ವರಾಜ್’ ಎಂಬ ಮಾತೂ ಸೇರಿತು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆ ಆಗಬೇಕು, ಅದಕ್ಕೆ ಮೊದಲು ವಾರ್ಡ್ ಸಭೆ ಆಗಬೇಕು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ, ಅಂದರೆ ವರ್ಷದ ಲೆಕ್ಕದ ತಪಾಸಣೆ, ನಡೆಯಬೇಕು, ಕಡತ ನೋಡಬೇಕು, ಕಾಮಗಾರಿಯನ್ನು ಕಣ್ಣಾರೆ ನೋಡಬೇಕು. ಇಷ್ಟೆಲ್ಲ ಇದೆ. ಇಲ್ಲದಿರುವುದು ಒಂದೇ: ಜನ ಒಪ್ಪುವುದಿಲ್ಲ ಎಂದರೆ ಮುಂದೇನು? ಹಣ ತಾನಾಗಿ ನಿಲ್ಲುವುದಿಲ್ಲ. ಹೊಸ ಕ್ರಿಯಾ ಯೋಜನೆ ತಯಾರಾಗುತ್ತದೆ, ಹೊಸ ಕಾಮಗಾರಿ ಶುರುವಾಗುತ್ತದೆ, ಹಳೆಯ ಚರಂಡಿ ಅಲ್ಲೇ ಇರುತ್ತದೆ.

ಎಲ್ಲವೂ ಪಂಚಾಯಿತಿ ಲೆಕ್ಕ ಇಡುವ ಪಂಚತಂತ್ರ ತಂತ್ರಾಂಶದಲ್ಲಿದೆ, ಯಾರು ಬೇಕಾದರೂ ನೋಡಬಹುದು ಎನ್ನುತ್ತಾರೆ. ನನ್ನ ಮಗ ಮೊಬೈಲಿನಲ್ಲಿ ತೆಗೆದು ತೋರಿಸಿದ. ಕಾಮಗಾರಿಯ ಹೆಸರಿತ್ತು, ಮೊತ್ತವಿತ್ತು. ಯಾರ ಮನೆಯಿಂದ ಯಾರ ಮನೆಯವರೆಗೆ ಎಂಬುದು ನಮಗೆ ಸಿಗಲಿಲ್ಲ. ನಮ್ಮ ಊರಿನವರಿಗೆ ಅರ್ಥವಾಗುವ ಲೆಕ್ಕ ಅದು, ಮನೆಯಿಂದ ಮನೆಗೆ ಹೇಳುವ ಲೆಕ್ಕ.

ರಾಜಸ್ಥಾನದ ಹಳ್ಳಿಯವರಿಗೆ ಇದು ಎಂದೋ ಗೊತ್ತಾಗಿತ್ತು. 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬ ಊರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನರ ಎದುರಿಗೆ ಕಾಮಗಾರಿಯ ದಾಖಲೆಗಳನ್ನು ಗಟ್ಟಿಯಾಗಿ ಓದಿದರು. ಕೂಲಿ ಪಟ್ಟಿಯಲ್ಲಿ ಯಾರ ಹೆಸರಿದೆ, ಬಿಲ್ಲಿನಲ್ಲಿ ಏನಿದೆ ಎಂದು ಓದುತ್ತಾ ಹೋದಂತೆ ಕೂತವರೇ ಎದ್ದು ಸುಳ್ಳನ್ನು ಸುಳ್ಳು ಎಂದರು. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಅಂಥ ಸಭೆಗಳಲ್ಲಿದೆ. ಓದು ಬಾರದವರು ಲೆಕ್ಕ ಹೇಗೆ ನೋಡುತ್ತಾರೆ ಎಂದು ಕೇಳುವವರು ಇದನ್ನು ನೆನೆಯಲಿ. ಓದು ಬಾರದವರಿಗೆ ಕಿವಿ ಇದೆ, ಚರಂಡಿ ಕಾಣುವ ಕಣ್ಣಿದೆ. ಓದಿ ಹೇಳಲಿ, ಸಾಕು.

ಹೀಗೆಂದ ಕೂಡಲೇ ಒಂದು ಸುಟ್ಟ ಮೋಟರ್ ತಂದು ನಮ್ಮ ಮುಂದಿಡುತ್ತಾರೆ. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರ್ ಸುಟ್ಟರೆ ಸಭೆ ಸೇರುವ ತನಕ ಕಾಯಬೇಕೇ ಎಂದು ಕೇಳುತ್ತಾರೆ. ಲೆಕ್ಕ ಕೊಡಲು ಇಷ್ಟವಿಲ್ಲದವರಿಗೆ ಆ ಮೋಟರ್ ಪ್ರತಿ ಸಭೆಯಲ್ಲೂ ಸುಡುತ್ತದೆ! ಲೆಕ್ಕ ಸರಿ ಇಟ್ಟ ಪಂಚಾಯಿತಿಗೆ ಹಣ ಒಂದು ದಿನವೂ ನಿಲ್ಲುವುದಿಲ್ಲ, ಕಾಯುವ ಮಾತೇ ಬರುವುದಿಲ್ಲ. ಶಾಮಿಯಾನ, ಮೈಕು, ಕುರ್ಚಿ, ಚಹಾಕ್ಕೆ ಖರ್ಚು ಮಾಡಿ ಸಭೆ ಕರೆಯುತ್ತಾರಲ್ಲ, ಆ ಖರ್ಚೂ ನಮ್ಮ ಕಂದಾಯದ್ದೇ. ನಮ್ಮನ್ನು ಕೇಳುವುದಕ್ಕೆ ಖರ್ಚು ಮಾಡಿ, ನಾವು ಹೇಳಿದ್ದನ್ನು ಬರೆದುಕೊಳ್ಳದೆ ಹೋದರೆ ಅದೂ ಪೋಲು.

ಮುಂದಿನ ಸಭೆಗೆ ನಾವು ಏಳು ಜನವೂ ಹೋಗುತ್ತೇವೆ. ಸಹಿ ಮಾಡುವಾಗ ಪಕ್ಕದಲ್ಲಿ ‘ಹಾಜರಿ ಮಾತ್ರ’ ಎಂದು ಬರೆಯಬೇಕೆಂದು ಮಾತಾಡಿಕೊಂಡಿದ್ದೇವೆ. ಇಬ್ಬರಿಗೆ ಬರೆಯಲು ಬರುವುದಿಲ್ಲ, ಈಗ ಕಲಿಯುತ್ತಿದ್ದಾರೆ.

— ಸ್ತ್ರೀಶಕ್ತಿ ಸಂಘವೊಂದರ ಸದಸ್ಯೆ

ವಿರೋಧ
ಸಭೆ ಕೆಡಿಸುವವರ ಕೈಗೆ ಬೀಗದ ಕೈ ಕೊಡಬೇಡಿ

ವಿರೋಧದ ಪಕ್ಷ ಬರೆಯಿರಿ ಎಂದು ನನಗೆ ಹೇಳಿದರು. ಐದು ವರ್ಷ ಗ್ರಾಮ ಪಂಚಾಯಿತಿ ಸದಸ್ಯನಾಗಿದ್ದವನು ನಾನು, ಲೆಕ್ಕ ಕೇಳಿ ಜಗಳ ಮಾಡಿದವನೂ ಹೌದು. ಜನರಿಗೆ ಲೆಕ್ಕ ಕೊಡಬಾರದು ಎಂದು ನನ್ನ ಕೈಯಲ್ಲಿ ಬರೆಯಲಾಗದು. ಹಣವನ್ನೇ ತಡೆಯುವ ಷರತ್ತನ್ನು ಮಾತ್ರ ನಾನು ವಿರೋಧಿಸುತ್ತೇನೆ.

ಗ್ರಾಮ ಸಭೆಗೆ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಒಟ್ಟು ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಬಿತ್ತನೆಯ ದಿನಗಳಲ್ಲಿ, ಒಕ್ಕಣೆಯ ದಿನಗಳಲ್ಲಿ ಆ 100 ಜನ ಸೇರುವುದೂ ಕಷ್ಟ. ನವೆಂಬರಿನಲ್ಲಿ ಒಂದು ಸಭೆ ಮುರಿದು, ಮುಂದಿನದು ಮೇ ತಿಂಗಳಿಗೆ ಹೋದರೆ ಬೇಸಿಗೆಯೇ ಮುಗಿದಿರುತ್ತದೆ. ನಡುವೆ ಹಣಕಾಸು ವರ್ಷ ಮುಗಿಯುವ ಮಾರ್ಚ್ 31 ಬೇರೆ ಬರುತ್ತದೆ. ಬೇಕಾದರೆ ವಿಶೇಷ ಸಭೆ ಕರೆಯಬಹುದು, ಒಪ್ಪುತ್ತೇನೆ. ಮೊದಲನೆಯದನ್ನು ಮುರಿದವರು ಎರಡನೆಯದನ್ನೂ ಮುರಿಯುತ್ತಾರೆ.

ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಲೊನಿಗೆ ನೀರಿನ ಪೈಪ್‌ಲೈನ್ ಹಾಕುವ ಕೆಲಸ ಸಭೆಯ ಮುಂದೆ ಬಂದ ದಿನ ಅದು. ಊರೊಳಗಿನ ನಾಲ್ಕು ಜನ ಎದ್ದು, ಹೋದ ವರ್ಷದ ಸಿಮೆಂಟ್ ರಸ್ತೆಯ ಲೆಕ್ಕ ಕೊಡಿ, ಆಮೇಲೆ ಪೈಪ್ ಮಾತು ಎಂದು ಕೂಗಿದರು. ರಸ್ತೆಯ ಲೆಕ್ಕ ಅವರಿಗೆ ಬೇಕಿರಲಿಲ್ಲ. ರಸ್ತೆ ಮಾಡಿದ ಗುತ್ತಿಗೆದಾರ ಅವರ ಕಡೆಯವನೇ ಆಗಿದ್ದ. ಅವರಿಗೆ ಬೇಕಿದ್ದದ್ದು ಪೈಪು ಕಾಲೊನಿ ಕಡೆ ತಿರುಗದಿರುವುದು. ಕಾಲೊನಿಯವರು ಹಿಂದಿನ ಸಾಲಿನಲ್ಲಿ ಕೂತಿದ್ದರು. ದಿನವೂ ಇದೇ ನಾಲ್ವರ ಹೊಲಕ್ಕೆ ಕೂಲಿಗೆ ಹೋಗುವವರು ಅಲ್ಲಿ ಎದ್ದು ಏನು ಮಾತಾಡಿಯಾರು? ಕುರ್ಚಿಗಳು ಉರುಳಿದವು, ಸಭೆ ಮುರಿಯಿತು. ಆಮೇಲೆ ಸದಸ್ಯರ ಸಾಮಾನ್ಯ ಸಭೆಯಲ್ಲಿ ಹಟ ಹಿಡಿದು ಠರಾವು ಮಾಡಿಸಿದೆವು. ಯುಗಾದಿಗೆ ಮೊದಲೇ ಕಾಲೊನಿಗೆ ನಲ್ಲಿ ಬಂತು. ಲೆಕ್ಕ ಒಪ್ಪಿಗೆಯಾಗದೆ ಹಣವಿಲ್ಲ ಎಂಬ ನಿಯಮ ಅಂದು ಇದ್ದಿದ್ದರೆ ಆ ನಾಲ್ವರು ಗೆದ್ದಿರುತ್ತಿದ್ದರು, ಅದೂ ಪಾರದರ್ಶಕತೆಯ ಹೆಸರಿನಲ್ಲಿ.

ಇನ್ನೊಂದು ಮಾತು. ಪಂಚಾಯಿತಿಯ ಕೈಯಲ್ಲಿರುವ ಹಣವಾದರೂ ಎಷ್ಟು? 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021–22ರಿಂದ ಶೇ. 60ರಷ್ಟನ್ನು ಕುಡಿಯುವ ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದರು. ಸ್ವಂತ ತೀರ್ಮಾನಕ್ಕೆ ಉಳಿದದ್ದು ಶೇ. 40. ಊರಿನೊಳಗೇ ಬೇರೆ ಇಲಾಖೆಯವರು ರಸ್ತೆ ಮಾಡುತ್ತಾರೆ, ಶಾಸಕರ ನಿಧಿಯಲ್ಲಿ ಭವನ ಏಳುತ್ತದೆ, ಅದರ ಲೆಕ್ಕ ಗ್ರಾಮ ಸಭೆಗೆ ಯಾರು ತರುತ್ತಾರೆ? ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳು ಆಡಳಿತ ನಡೆಸಿದರು. ಅಲ್ಲಿ ಕೇಳುವವರಿಲ್ಲ. ಕೈಗೆ ಸಿಗುವವನು ಗ್ರಾಮ ಪಂಚಾಯಿತಿ ಸದಸ್ಯ ಒಬ್ಬನೇ, ಅವನ ಕುತ್ತಿಗೆಗೆ ಮಾತ್ರ ಹಗ್ಗ. ನಿಯಮ ತರುವುದಾದರೆ ಮೇಲಿನಿಂದ ಶುರುವಾಗಲಿ.

ಅಳತೆಯಲ್ಲಿ ಮೋಸವಾದರೆ ಎಂದು ಕೇಳುವವರಿದ್ದಾರೆ. ಅಳತೆ ಬರೆಯುವವರು ಎಂಜಿನಿಯರ್, ಅದಕ್ಕೆ ಹೊಣೆ ಅವರದೇ. ಪಂಚಾಯಿತಿ ಲೆಕ್ಕವನ್ನು ರಾಜ್ಯದ ಲೆಕ್ಕಪರಿಶೋಧನೆ ಇಲಾಖೆ ನೋಡುತ್ತದೆ, ಆಕ್ಷೇಪಣೆ ಬರೆಯುತ್ತದೆ, ವಸೂಲಿಗೂ ದಾರಿ ಇದೆ. ಅದು ನಿಧಾನ ಎಂಬುದು ನಿಜ.

ತಪ್ಪು ಲೆಕ್ಕ ಕೊಟ್ಟ ಕಾಮಗಾರಿಯದೇ ಕೊನೆಯ ಬಿಲ್ಲನ್ನು, ಫಲಾನುಭವಿಗಳು ನೋಡಿ ಸಹಿ ಹಾಕುವ ತನಕ ತಡೆಯಿರಿ ಎಂದಿದ್ದರೆ ನಾನು ಪರದ ಕಡೆ ಬರೆಯುತ್ತಿದ್ದೆ. ನನ್ನ ಮುಂದಿಟ್ಟ ಪ್ರಶ್ನೆ ಅದಲ್ಲ. ಒಂದು ಬೀದಿಯ ಚರಂಡಿ ಲೆಕ್ಕಕ್ಕೆ ಇನ್ನೊಂದು ಬೀದಿಯ ನಲ್ಲಿ ನಿಲ್ಲಬೇಕೇ ಎಂದು ಕೇಳಿದರೆ, ಬೇಡ ಎಂದೇ ಹೇಳುತ್ತೇನೆ.

— ಗ್ರಾಮ ಪಂಚಾಯಿತಿಯೊಂದರ ಮಾಜಿ ಸದಸ್ಯ