‘ಆರಿಂಚು ಸಿ ಕ್ಲಾಸ್, ಆರ್ ಈಕ್ವಲೆಂಟ್’

ಬೆಳಗ್ಗೆ ಮುಂಬೈಯ ಡೊಂಬಿವಲಿ ಫಾಸ್ಟ್ ಲೋಕಲ್‌ನಲ್ಲಿ ಒಂಟಿ ಕಾಲಲ್ಲಿ ನೇತಾಡ್ತಾ ವಾಟ್ಸ್ಯಾಪ್ ತೆಗೆದರೆ ಒಂದು ಎನ್‌ಕ್ವೈರಿ. ಇದ್ದದ್ದು ಇದ್ದ ಹಾಗೇ ಹಾಕ್ತೇನೆ: “6 ಇಂಚು ಎಂಎಸ್ ಪೈಪ್, ಸಿ ಕ್ಲಾಸ್, ಶೆಡ್ಯೂಲ್ 40, ಸೀಮ್‌ಲೆಸ್, ಆರ್ ಈಕ್ವಲೆಂಟ್. 200 ಮೀಟರ್. ಸ್ಟೀಮ್ ಲೈನ್, 10.5 ಕೆಜಿ. ಅರ್ಜೆಂಟ್, ಬೆಸ್ಟ್ ರೇಟ್ ಕೊಡಿ.” ತಳೋಜಾ ಕಡೆಯ ಒಂದು ಕಾರ್ಖಾನೆಯದ್ದು, ಹೆಸರು ಬೇಡ. ಹೆಸರು ಹೇಳಿ ಪ್ರಯೋಜನವೂ ಇಲ್ಲ, ಯಾಕಂದ್ರೆ ಪುಣೆ ಕಡೆಯ ಚಾಕಣ್‌ನಿಂದ ಹಿಡಿದು ಗೋವಾದ ವೆರ್ಣಾ ತನಕ ಎಲ್ಲರೂ ಬರೆಯೋದು ಇದೇ ಒಂದು ಸಾಲು.

ಮಾರಾಯ್ರೆ, ಈ ಒಂದು ಸಾಲಲ್ಲಿ ಎರಡು ಬೇರೆ ಬೇರೆ ಪೈಪ್ ಇವೆ, ಒಂದು ಸುಳ್ಳೂ ಇದೆ.

ಸಿ ಕ್ಲಾಸ್ ಅಂದ್ರೆ ಭಾರತೀಯ ಮಾನದಂಡ ಐಎಸ್ 1239ರ ಹೆವಿ. ಮೈಮೇಲೆ ಕೆಂಪು ಪಟ್ಟಿ ಬರ್ತದಲ್ಲ, ಅದು. ನೀಲಿ ಇದ್ರೆ ಮೀಡಿಯಂ, ಹಳದಿ ಇದ್ರೆ ಲೈಟ್. 150 ಎನ್‌ಬಿ, ಅಂದ್ರೆ ಆರಿಂಚು ಹೆವಿ ಪೈಪಿನ ಹೊರವ್ಯಾಸ 165.1 ಮಿಲಿಮೀಟರ್, ದಪ್ಪ 5.4. ಶೆಡ್ಯೂಲ್ 40 ಅಂದ್ರೆ ಅಮೆರಿಕದ ಮಾನದಂಡ ಎಎಸ್‌ಎಂಇ ಬಿ36.10ರ ಲೆಕ್ಕ. ಅದೇ ಆರಿಂಚಿಗೆ ಹೊರವ್ಯಾಸ 168.3, ದಪ್ಪ 7.11. ಎರಡನ್ನೂ ಒಂದೇ ಉಸಿರಲ್ಲಿ ಹೇಳೋದು ಅಂದ್ರೆ ಮಾಟುಂಗದ ಉಡುಪಿ ಹೋಟೆಲಲ್ಲಿ ಕೂತು “ನೀರ್ ದೋಸೆ, ಸೆಟ್ ದೋಸೆ, ಆರ್ ಈಕ್ವಲೆಂಟ್ ಒಂದು ಪ್ಲೇಟ್” ಅಂದ ಹಾಗೆ. ಮಾಣಿ ತನಗೆ ಯಾವುದು ಸುಲಭವೋ ಅದನ್ನ ತಂದಿಡ್ತಾನೆ. ಸ್ಟಾಕಿಸ್ಟ್ ಸೇಠ್ ಕೂಡ ಅಷ್ಟೇ.

ಸೇಠ್‌ಗೆ ಯಾವುದು ಸುಲಭ? ತೂಕ ನೋಡಿ. ಹೊರವ್ಯಾಸದಿಂದ ದಪ್ಪ ಕಳೀರಿ, ಬಂದದ್ದನ್ನ ದಪ್ಪದಿಂದ ಗುಣಿಸಿ, ಅದನ್ನ 0.02466ರಿಂದ ಗುಣಿಸಿ. ಮೀಟರಿಗೆ ಇಷ್ಟು ಕಿಲೋ ಅಂತ ಸಿಗ್ತದೆ. ಶೆಡ್ಯೂಲ್ 40 ಆದ್ರೆ 28.26 ಕಿಲೋ, ಸಿ ಕ್ಲಾಸ್ ಆದ್ರೆ ಸುಮಾರು 21.3. 200 ಮೀಟರಿಗೆ ವ್ಯತ್ಯಾಸ 1400 ಕಿಲೋ ಹತ್ತಿರ. ನಿಮ್ಮ ಪರ್ಚೇಸ್‌ನವರು ಮೂರು ಕೊಟೇಶನ್ ಪಕ್ಕಪಕ್ಕ ಇಟ್ಟು “ಇವನು ಎಷ್ಟು ಕಮ್ಮಿ ಕೊಟ್ಟಿದ್ದಾನೆ ನೋಡಿ” ಅಂತ ಕುಣೀತಾರಲ್ಲ, ಆ ಕಮ್ಮಿ ಅಂದ್ರೆ ಬಾರದೇ ಹೋದ ಒಂದೂವರೆ ಟನ್ ಹತ್ತಿರದ ಕಬ್ಬಿಣ. ಅಗ್ಗಕ್ಕೆ ಹೋಗಿ ಮುಗ್ಗಿದ ಜೋಳ ತಂದದ್ದು.

ಇನ್ನು ಸೈಟಲ್ಲಿ ಏನಾಗ್ತದೆ? ತಮಾಷೆ ಅಂದ್ರೆ ಆರಿಂಚಲ್ಲಿ ಒಳವ್ಯಾಸ ಹೆಚ್ಚುಕಡಿಮೆ ಒಂದೇ ಬರ್ತದೆ, ಎರಡೂ 154ರ ಆಸುಪಾಸು. ಹಾಗಾಗಿ ಬಾಯಿಗೆ ಬಾಯಿ ಇಟ್ಟು ನೋಡಿದ ಫಿಟ್ಟರ್‌ಗೆ ಏನೂ ಅನ್ನಿಸೋದಿಲ್ಲ. ಹೊರಗಡೆ ಎಎಸ್‌ಎಂಇ ಅಳತೆಯ ಎಲ್ಬೋ (ಬಾಗಿದ ತುಂಡು) ಸುತ್ತಲೂ ಒಂದೂವರೆ ಮಿಲಿಮೀಟರ್ ಚಿಲ್ಲರೆ ಎದ್ದು ನಿಲ್ತದೆ, ವೆಲ್ಡರ್ ಅದರ ಮೇಲೆ ಇಳಿಜಾರು ತುಂಬಿ ಮುಚ್ಚಿಬಿಡ್ತಾನೆ. ನಿಜವಾದ ಮಜಾ ಎರಡೂವರೆ ಇಂಚಲ್ಲಿ. ಐಎಸ್ ಪೈಪ್ 76.1, ಎಎಸ್‌ಎಂಇ ಪೈಪ್ 73.0, ಪೈಪಿಗೆ ಬಳೆ ಥರ ತೂರಿಸುವ ಬಿ16.5 ಸ್ಲಿಪ್-ಆನ್ ಫ್ಲೇಂಜಿನ ತೂತು 74.7. ಅಂದ್ರೆ ಐಎಸ್ ಪೈಪ್ ಫ್ಲೇಂಜಿನೊಳಗೆ ಹೋಗೋದೇ ಇಲ್ಲ! ಆಗ ಗ್ರೈಂಡರ್ ಹಿಡಿದು ಪೈಪಿನ ಮೈ ಸವರ್ತಾರೆ. ಮೊದಲೇ ತೆಳ್ಳಗಿದ್ದದ್ದು ವೆಲ್ಡಿಂಗ್ ಪಕ್ಕದಲ್ಲೇ ಇನ್ನೂ ತೆಳ್ಳಗಾಗ್ತದೆ. ನಾಲ್ಕಿಂಚಿನಂಥ ಕೆಲವು ಸೈಜಲ್ಲಿ ಎರಡು ಕಡೆಯೂ ಒಂದೇ ಅಳತೆ, ನಾಲ್ಕಿಂಚಿಗೆ 114.3. ನಾಲ್ಕಿಂಚಲ್ಲಿ ಕಲಿತ ಜನವೇ ಉಳಿದ ಸೈಜಲ್ಲಿ ಬೀಳೋದು.

ಸೀಮ್‌ಲೆಸ್, ಅಂದ್ರೆ ಉದ್ದಕ್ಕೆ ವೆಲ್ಡ್ ಇಲ್ಲದ ಪೈಪ್, ಅನ್ನೋದು ಆ ಸುಳ್ಳು. ಐಎಸ್ 1239 ಸೀಮ್‌ಲೆಸ್‌ಗೂ ಒಪ್ತದೆ, ಪುಸ್ತಕದಲ್ಲಿ. ಕಳಂಬೋಲಿ ಸ್ಟೀಲ್ ಮಾರ್ಕೆಟ್ಟಿನ ಗೋದಾಮಲ್ಲಿ ಸಿ ಕ್ಲಾಸ್ ಅಂತ ಕೇಳಿದ್ರೆ ನಿಮ್ಮ ಲಾರಿಗೆ ಏರೋದು ಇಆರ್‌ಡಬ್ಲ್ಯೂ, ಉದ್ದಕ್ಕೂ ವೆಲ್ಡ್ ಇರುವ ಪೈಪ್. ಇಆರ್‌ಡಬ್ಲ್ಯೂ ಕೆಟ್ಟದ್ದು ಅಂತ ಅಲ್ಲ. ಪೈಪಿಂಗ್ ಕೋಡ್ ಬಿ31.3 ಪ್ರಕಾರ ಪ್ರೋಸೆಸ್ ಲೈನಿಗೆ ದಪ್ಪದ ಲೆಕ್ಕ ಹಾಕುವಾಗ ವೆಲ್ಡಿನ ಗುಣಾಂಕ ಸೀಮ್‌ಲೆಸ್‌ಗೆ 1.00 ಇದ್ದದ್ದು ಅದಕ್ಕೆ 0.85 ಆಗ್ತದೆ, ಅಷ್ಟೇ. ಆ 0.85 ಹಾಕಿ ಲೆಕ್ಕ ಮಾಡಿದವರು ಯಾರು ಅಂತ ಕೇಳಿ ನೋಡಿ, ಎಲ್ಲರೂ ಮೊಬೈಲ್ ನೋಡ್ತಾರೆ.

ಮತ್ತೆ ಇದು ಸ್ಟೀಮ್. 10.5 ಕೆಜಿ. ಕೆಜಿ ಅಂದ್ರೆ ಚದರ ಸೆಂಟಿಮೀಟರಿಗೆ ಬೀಳುವ ಒತ್ತಡ. 3.5 ಕೆಜಿ ದಾಟಿದ ಸ್ಟೀಮ್ ಪೈಪ್ ಐಬಿಆರ್ (ಇಂಡಿಯನ್ ಬಾಯ್ಲರ್ ರೆಗ್ಯುಲೇಶನ್ಸ್) ಒಳಗೆ ಬರ್ತದೆ. ಪೈಪಿಗೆ ಫಾರ್ಮ್ 3-ಎ ಬೇಕು, ಎಲ್ಬೋ, ಫ್ಲೇಂಜ್, ವಾಲ್ವ್‌ಗೆ 3-ಸಿ ಬೇಕು. ಇವು ಪೈಪ್ ತಯಾರಾಗುವಾಗಲೇ ಇನ್‌ಸ್ಪೆಕ್ಟಿಂಗ್ ಅಥಾರಿಟಿ ಸಹಿ ಹಾಕುವ ಕಾಗದ. ಲೈನ್ ಎಳೆದು, ಇನ್ಸುಲೇಶನ್ ಸುತ್ತಿ, ಮೇಲೆ ಅಲ್ಯೂಮಿನಿಯಂ ಶೀಟ್ ಹೊಡೆದ ಮೇಲೆ “ಸರ್ಟಿಫಿಕೇಟ್ ಮಾಡಿಸಿಕೊಡಿ ಸಾರ್” ಅಂತ ಫೋನ್ ಮಾಡಿದ್ರೆ ಯಾರೂ ಮಾಡಿಸಿಕೊಡೋಕೆ ಆಗೋದಿಲ್ಲ. ಮಾಡಿಸಿಕೊಡ್ತೇನೆ ಅಂದವನ ಕಾಗದ ಬಾಯ್ಲರ್ ಇನ್‌ಸ್ಪೆಕ್ಟರ್ ಮುಂದೆ ಇಡೋಕೆ ನಿಮಗೇ ಧೈರ್ಯ ಬರಲಿಕ್ಕಿಲ್ಲ.

ಈಗ ನನ್ನ ಪುಣೆ ಗೆಳೆಯರು ಕಮೆಂಟಲ್ಲಿ ಬರ್ತಾರೆ, ಗೊತ್ತು: “ಈಕ್ವಲೆಂಟ್ ಬರೆದ್ರೆ ತಪ್ಪೇನು? ಎ106 ಗ್ರೇಡ್ ಬಿ, ಎ53 ಗ್ರೇಡ್ ಬಿ, ಎಪಿಐ 5ಎಲ್ ಗ್ರೇಡ್ ಬಿ, ಮೂರೂ ಒಂದೇ ಪೈಪಿನ ಮೇಲೆ ಅಚ್ಚು ಹಾಕಿ ಬರ್ತದಲ್ಲ?” ಬರ್ತದೆ. ಬರಲಿ, ಸಂತೋಷ. ಮೂರೂ ಅಮೆರಿಕದ ಪೈಪ್ ಮಾನದಂಡಗಳೇ. ಮೂರರ ಪರೀಕ್ಷೆಯನ್ನೂ ಪಾಸಾದ ಪೈಪಿಗೆ ಮೂರು ಹೆಸರು ಇದ್ರೆ ನಿಮಗೇ ಲಾಭ. ಆದ್ರೆ ಬರೀ ಎ53 ಅಂತಿರೋ ಪೈಪ್ ಎ106 ಆಗೋದಿಲ್ಲ. ಯೀಲ್ಡ್ 240, ಟೆನ್ಸೈಲ್ 415 ಮೆಗಾಪಾಸ್ಕಲ್ ಎರಡಕ್ಕೂ ಒಂದೇ, ನಿಜ. ಎ106ರಲ್ಲಿ ಸಿಲಿಕಾನ್ ಕಡೇಪಕ್ಷ 0.10 ಇರಲೇಬೇಕು, ಎ53ರಲ್ಲಿ ಆ ಹಂಗೇ ಇಲ್ಲ. ರಂಜಕ, ಗಂಧಕದ ಮಿತಿ ಎ106ಕ್ಕೆ 0.035, ಎ53ಕ್ಕೆ 0.05 ಮತ್ತು 0.045. ಮೇಲಾಗಿ ಎ53ರಲ್ಲಿ ವೆಲ್ಡೆಡ್ ಪೈಪೂ ಇದೆ, ‘ಟೈಪ್ ಎಸ್’ ಅಂತ ಬರೆಯದಿದ್ರೆ ಯಾವುದೂ ಬರಬಹುದು. ಎಲ್‌ಪಿಜಿ ಥರದ ತಣ್ಣಗಿನ ಲೈನಿಗಂತೂ ಕಥೆಯೇ ಬೇರೆ. ಪ್ರೊಪೇನ್ ಒತ್ತಡ ಇಳಿದ್ರೆ ಮೈನಸ್ 42 ಡಿಗ್ರಿಗೆ ಹೋಗ್ತದೆ. ಅಲ್ಲಿ ಇಂಪ್ಯಾಕ್ಟ್ ಟೆಸ್ಟ್ ಆದ ಎ333 ಗ್ರೇಡ್ 6 ಬೇಕು, ಎ106ಕ್ಕೆ ‘ಈಕ್ವಲೆಂಟ್’ ಅಂತ ಅದನ್ನೂ ಸೇರಿಸಬೇಡಿ.

ಹಾಂ, ಉಲ್ಟಾ ರೋಗವೂ ಇದೆ. ಕೂಲಿಂಗ್ ಟವರಿನ ನೀರಿಗೂ ಎ106 ಸೀಮ್‌ಲೆಸ್ ಬರೆಯುವ ಮಹಾನುಭಾವರು. ಆರಿಂಚು ತನಕ ಐಎಸ್ 1239, ಮೇಲೆ ಐಎಸ್ 3589 ಇಆರ್‌ಡಬ್ಲ್ಯೂ ಧಾರಾಳ ಸಾಕು. ಇದನ್ನ ಬರೆಯುವಾಗ ಸ್ವಲ್ಪ ನಾಚಿಕೆ ಆಗ್ತಿದೆ, ಯಾಕಂದ್ರೆ ಹಳೇ ಫೈಲು ಕಾಪಿ ಹೊಡೆದು ನೀರಿನ ಲೈನಿಗೆಲ್ಲ ಎ106 ಬರೆದವರಲ್ಲಿ ನಾನೂ ಒಬ್ಬ. ಸೋಮಾರಿತನಕ್ಕೆ ಸೇಫ್ಟಿ ಅಂತ ಹೆಸರಿಟ್ಟುಕೊಂಡಿದ್ದೆ.

ರೇಟು ಮೀಟರಿಗೋ ಕಿಲೋಗೋ ಅನ್ನೋದನ್ನೂ ಆ ಒಂದು ಸಾಲು ಹೇಳೋದಿಲ್ಲ. ಎ106 ಪೈಪು ಲೆಕ್ಕದ ತೂಕಕ್ಕಿಂತ 10 ಪರ್ಸೆಂಟ್ ಹೆಚ್ಚು, 3.5 ಪರ್ಸೆಂಟ್ ಕಮ್ಮಿ ಇರಬಹುದು. ದಪ್ಪ ಎಲ್ಲೋ ಒಂದು ಕಡೆ 12.5 ಪರ್ಸೆಂಟ್ ಕಮ್ಮಿ ಇರಬಹುದು, ಅಂದ್ರೆ ನಿಮ್ಮ 7.11 ಒಂದು ಜಾಗದಲ್ಲಿ 6.22 ಇದ್ರೂ ರಿಜೆಕ್ಟ್ ಮಾಡೋ ಹಾಗಿಲ್ಲ. 200 ಮೀಟರಿಗೆ ಲೆಕ್ಕದ ತೂಕ 5652 ಕಿಲೋ. ಹಾಗಾಗಿ ಕಾಂಟಾದ (ಲಾರಿ ತೂಗುವ ಕಾಟಾ) ತೂಕಕ್ಕೆ ದುಡ್ಡು ಕೊಡ್ತೇನೆ ಅಂದ್ರೆ 565 ಕಿಲೋ ತನಕ ಜಾಸ್ತಿ ಬಿಲ್ ಬರಬಹುದು, ಅದೂ ನ್ಯಾಯವಾಗಿಯೇ. ಮೀಟರಿಗೆ ಮಾತಾಡಿ, ಇಲ್ಲಾ ಲೆಕ್ಕದ ತೂಕಕ್ಕೆ ಅಂತ ಬರೀರಿ.

ಇನ್ನೊಂದು ಗೊಂದಲ, ದಪ್ಪದ್ದು. 12 ಇಂಚಿಗೆ ‘ಸ್ಟ್ಯಾಂಡರ್ಡ್’ ದಪ್ಪ ಅಂದ್ರೆ 9.53 ಮಿಲಿಮೀಟರ್, ಶೆಡ್ಯೂಲ್ 40 ಅಂದ್ರೆ 10.31. ಎರಡೂ ಒಂದೇ ಅನ್ನೋದು 10 ಇಂಚಿಗೇ ಮುಗೀತು. ಇದನ್ನ ಎಷ್ಟು ಸಲ ಹೇಳೋದು?

ಮಾಲು ಬಂದಾಗ ದೊಡ್ಡ ಯಂತ್ರ ಬೇಡ. ಟೈಲರ್ ಟೇಪ್ ತಗೊಂಡು ಆರಿಂಚು ಪೈಪಿನ ಸೊಂಟ ಸುತ್ತಿ. 168.3 ಆದ್ರೆ ಸುತ್ತಳತೆ 529 ಮಿಲಿಮೀಟರ್ ಹತ್ತಿರ ಬರ್ತದೆ, ಐಎಸ್ ಪೈಪಾದ್ರೆ 519. ಒಂದು ಸೆಂಟಿಮೀಟರ್ ವ್ಯತ್ಯಾಸ, ಸೆಕ್ಯುರಿಟಿ ಗೇಟಲ್ಲೇ ಸಿಕ್ಕಿಬೀಳ್ತದೆ. ಆಮೇಲೆ ಅಚ್ಚು ಓದಿ: ಕಂಪನಿ, ಸ್ಪೆಸಿಫಿಕೇಶನ್, ಸೈಜು, ಹೀಟ್ ನಂಬರ್ (ಉಕ್ಕು ಕರಗಿಸಿದ ಬ್ಯಾಚಿನ ಗುರುತು), ಟೆಸ್ಟ್ ಪ್ರೆಶರ್. ಎ106 ಪೈಪಲ್ಲಿ ಪ್ರೆಶರ್ ಇರಬೇಕಾದ ಜಾಗದಲ್ಲಿ ‘ಎನ್‌ಎಚ್’ ಅಂತಿದ್ರೆ ಅದಕ್ಕೆ ನೀರಿನ ಒತ್ತಡದ ಹೈಡ್ರೋ ಟೆಸ್ಟೂ ಆಗಿಲ್ಲ, ಪೈಪ್ ಒಡೆಯದೆ ಮಾಡುವ ಎನ್‌ಡಿಇ ತಪಾಸಣೆಯೂ ಆಗಿಲ್ಲ. ಹೀಟ್ ನಂಬರ್ ಸರ್ಟಿಫಿಕೇಟಿಗೆ ತಾಳೆ ಆಗಬೇಕು. ಪೈಪ್ ಕತ್ತರಿಸೋ ಮುಂಚೆ ಆ ನಂಬರನ್ನ ಉಳಿಯೋ ತುಂಡಿಗೂ ಬರೀಬೇಕು. ನಮ್ಮಲ್ಲಿ ಮೊದಲು ಕತ್ತರಿಸೋದೇ ಅಚ್ಚು ಇರೋ ತುದಿ!

ಜುಲೈ, ಆಗಸ್ಟಲ್ಲಿ ತಗೊಳ್ಳೋರು ಇನ್ನೊಂದು ನೋಡಿ. ಕಳಂಬೋಲಿಯ ಬಯಲಲ್ಲಿ ಮಳೆ, ಉಪ್ಪುಗಾಳಿ ತಿಂದ ಪೈಪಿಗೆ ಕರೀ ವಾರ್ನಿಶ್ ಬಳಿದ್ರೆ ಮದುಮಗನ ಥರ ಹೊಳೀತದೆ. ವೈರ್ ಬ್ರಶ್ ಹಾಕಿ ಒಂದು ಗೇಣು ಉಜ್ಜಿ. ಸಿಡುಬಿನ ಕಲೆ ಥರ ಗುಂಡಿಗಳು ಕಂಡ್ರೆ ಅಲ್ಲೇ ಅಲ್ಟ್ರಾಸೋನಿಕ್ ಗೇಜ್ ಇಟ್ಟು ದಪ್ಪ ನೋಡಿ. ಬೆಳ್ಳಗಿರೋದೆಲ್ಲ ಹಾಲಲ್ಲ, ಕರ್ರಗಿರೋದೆಲ್ಲ ಹೊಸ ಪೈಪಲ್ಲ.

ಆ ತಳೋಜಾದವರಿಗೆ ವಾಪಸ್ ಬರೆದು ಕಳಿಸಿದ ಸಾಲು ಇದು, ಬೇಕಾದವರು ಕಾಪಿ ಹೊಡೀರಿ, ಸೈಜು ಬದಲಿಸೋದು ಮರೀಬೇಡಿ: “ಪೈಪ್, 150 ಎನ್‌ಬಿ, ಹೊರವ್ಯಾಸ 168.3, ಶೆಡ್ಯೂಲ್ 40 (7.11), ಬಿ36.10ಎಂ, ಎಎಸ್‌ಟಿಎಂ ಎ106 ಗ್ರೇಡ್ ಬಿ, ಸೀಮ್‌ಲೆಸ್, ಬೆವೆಲ್ ತುದಿ, 5ರಿಂದ 7 ಮೀಟರ್ ಉದ್ದ, ಹೈಡ್ರೋ ಟೆಸ್ಟ್ ಆದದ್ದು, ಐಬಿಆರ್ ಫಾರ್ಮ್ 3-ಎ ಮತ್ತು ಇಎನ್ 10204 ಟೈಪ್ 3.1 ಸರ್ಟಿಫಿಕೇಟ್ ಸಮೇತ, ಎರಡು ತುದಿಗೂ ಪ್ಲಾಸ್ಟಿಕ್ ಕ್ಯಾಪ್, 200 ಮೀಟರ್, ರೇಟು ಮೀಟರಿಗೆ.”

ಥಾಣೆ ಸ್ಟೇಷನ್ ಬರೋದ್ರೊಳಗೆ ಉತ್ತರ ಬಂತು: “ಓಕೆ ಸಾರ್. ಇದೇ ಕೊಡಿ, ಆರ್ ಈಕ್ವಲೆಂಟ್.”