ಭಾವನವರ ಉಪ್ಪಿನ ಕೋಟೆ

ತುರಿಸುತ್ತಿದೆ. ಎಡಗಾಲಿನ ಗಂಟಿನ ಪಕ್ಕದಲ್ಲಿ, ಸರಿಯಾಗಿ ಸಾಕ್ಸಿನ ಎಲಾಸ್ಟಿಕ್ ಬಂದು ಕೂರುವ ಜಾಗದಲ್ಲೇ. ದಸರಾ ರಜೆ ಮುಗಿದು ಶಾಲೆ ಶುರುವಾಯಿತು, ಬ್ಯಾಗಿನೊಳಗಿನ ಕೆಸರು ಬಟ್ಟೆ ಒಗೆದು ಒಣಗಿಸಿ ಕಪಾಟಿಗೆ ಸೇರಿಸಿದ್ದಾಯಿತು, ಈ ತುರಿಕೆ ಮಾತ್ರ ಹೊರಡುವ ಮಾತೇ ಆಡುತ್ತಿಲ್ಲ. ಒಲೆ ಮೇಲೆ ಹಾಲು ಉಕ್ಕುವ ಹೊತ್ತಿಗೇ ತುರಿಸುತ್ತದೆ. ಆಫೀಸಿನ ಮೀಟಿಂಗಿನಲ್ಲಿ ಎಲ್ಲರೂ ನನ್ನ ಕಡೆ ತಿರುಗಿದ ಗಳಿಗೆಗೇ ತುರಿಸುತ್ತದೆ. ಮೇಜಿನ ಕೆಳಗೆ ಬಲಗಾಲಿನ ಹೆಬ್ಬೆರಳಲ್ಲಿ ಎಡಗಾಲು ಕೆರೆದುಕೊಳ್ಳುತ್ತ, ಮೇಲೆ ಮುಖ ಬಿಗಿಹಿಡಿದು "ಹೌದು, ಅದನ್ನ ನೋಡೋಣ" ಅನ್ನುವ ವಿದ್ಯೆ ನನಗೀಗ ಚೆನ್ನಾಗಿ ಕೈಹತ್ತಿದೆ. ಕಾಲುಹತ್ತಿದೆ ಅನ್ನಬೇಕೇನೋ.

ಕಚ್ಚಿದ್ದು ಇಂಬಳ. ಬಯಲುಸೀಮೆಯವರು ಜಿಗಣೆ ಅಂತ ಓದಿಕೊಳ್ಳಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ, ಭದ್ರಾ ಹೊಳೆಯ ದಂಡೆಯಲ್ಲಿ, ಸುತ್ತ ಕಾಡಿರುವ ಕ್ಯಾಂಪಿನ ಡೇರೆಯಲ್ಲಿ ಮಲಗಿ ಬಂದದ್ದರ ಫಲ. ಇಂಬಳದ ಮೇಲೆ ನನಗೇನೂ ಸಿಟ್ಟಿಲ್ಲ. ಅದರ ಹೊಟ್ಟೆಪಾಡು ಅದಕ್ಕೆ. ಕಚ್ಚಿದ್ದು ಗೊತ್ತಾಗದ ಹಾಗೆ ಕಚ್ಚುತ್ತದೆ, ರಕ್ತ ಹೆಪ್ಪುಗಟ್ಟದ ಹಾಗೆ ಒಂದಿಷ್ಟು ರಸ ಬಿಡುತ್ತದೆ, ಹೊಟ್ಟೆ ತುಂಬಿದರೆ ತಾನೇ ಉದುರಿಕೊಂಡು ಹೋಗುತ್ತದೆ. ಇಷ್ಟು ಮರ್ಯಾದಸ್ಥ ಪ್ರಾಣಿಯನ್ನು ಬೈದು ಪ್ರಯೋಜನವಿಲ್ಲ. ನನ್ನ ಸಿಟ್ಟೆಲ್ಲ ಭಾವನವರ ಮೇಲೆ. ಯಾಕೆಂದರೆ ಹೋದ ಅಷ್ಟೂ ಜನರಲ್ಲಿ ಅವರೊಬ್ಬರಿಗೆ ಒಂದೇ ಒಂದು ಇಂಬಳ ಕಚ್ಚಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಯಾಕೆ ಕಚ್ಚಲಿಲ್ಲ ಅನ್ನುವುದನ್ನು ಅವರು ಇವತ್ತಿಗೂ ಸಿಕ್ಕಸಿಕ್ಕವರಿಗೆಲ್ಲ ವಿವರಿಸುತ್ತಿದ್ದಾರೆ.

ಉಪ್ಪಿನಿಂದ, ಅಂತೆ.

ನಮ್ಮ ಯಜಮಾನರ ಅಣ್ಣ ಅವರು. ನಮ್ಮ ಮಾವನವರು ಕುದುರೆಮುಖದ ಗಣಿಯಲ್ಲಿ ಕೆಲಸಕ್ಕಿದ್ದದ್ದರಿಂದ ಭಾವನವರ ಬಾಲ್ಯವೆಲ್ಲ ಅಲ್ಲೇ ಕಳೆಯಿತು. ನಮ್ಮವರು ಆಗಿನ್ನೂ ತೊಟ್ಟಿಲು ಬಿಟ್ಟಿರಲಿಲ್ಲ. ಹಾಗಾಗಿ ಇಂಬಳದ ವಿಷಯದಲ್ಲಿ ಮನೆಯಲ್ಲಿ ಭಾವನವರದೇ ಕೊನೇ ಮಾತು. ಹೊರಡುವ ಮುಂಚೆಯೇ ವಾಟ್ಸಾಪ್ ಗುಂಪಿಗೆ ಪಟ್ಟಿ ಬಂತು: ಪುಡಿ ಉಪ್ಪು ಎರಡು ಕೆಜಿ, ಕಲ್ಲುಪ್ಪು ಒಂದು ಕೆಜಿ, ಹಳೇ ಪಂಚೆ ತುಂಡು, ಟಾರ್ಚ್. ಈ ಕ್ರಮದಲ್ಲೇ. ನನ್ನ ಮಗಳು ಆನ್‌ಲೈನಿನಲ್ಲಿ ಸಿಗುವ, ಮೊಣಕಾಲಿನವರೆಗೆ ಏರಿಸಿ ಕಟ್ಟುವ ಲೀಚ್ ಸಾಕ್ಸಿನ ಫೋಟೋ ಹಾಕಿದಳು. "ಕಾಲಿಗೆ ದಿಂಬಿನ ಕವರ್ ಹಾಕ್ಕೊಂಡು ಕಾಡಿಗೆ ಹೋಗ್ತೀಯಾ ಪುಟ್ಟಿ?" ಅಂತ ಉತ್ತರ ಬಂತು. ಉಪ್ಪು ಹಾಕಿ ಕಿತ್ತರೆ ಇಂಬಳ ಕುಡಿದದ್ದನ್ನು ಗಾಯಕ್ಕೇ ಕಕ್ಕಬಹುದು, ಅದರ ಬದಲು ಉಗುರಿನಿಂದ ಬಾಯಿಯ ಹತ್ತಿರ ಮೆಲ್ಲಗೆ ಸರಿಸಿ ಬಿಡಿಸುವುದು ಒಳ್ಳೆಯದು ಅಂತ ಡಾಕ್ಟರುಗಳು ಹೇಳುತ್ತಾರೆ ಅಂದಳು. ಭಾವನವರು ಕೇಳಿದರು, "ಗೂಗಲ್‌ಗೆ ಇಂಬಳ ಕಚ್ಚಿದ್ದು ಯಾವಾಗ?"

ಅಲ್ಲಿಗೆ ವಾದ ಮುಗಿಯಿತು. ಈ ಮನೆಯಲ್ಲಿ ವಾದಗಳು ಮುಗಿಯುವುದೇ ಹೀಗೆ.

ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರ್ ಬರೆದುಕೊಂಡು, ಪ್ಲಾಸ್ಟಿಕ್ಕು, ಎಣ್ಣೆ ಏನಾದರೂ ಇದೆಯಾ ಅಂತ ಡಿಕ್ಕಿ ತೆಗೆಸಿ ನೋಡಿದರು. ಮೂರು ಕೆಜಿ ಉಪ್ಪು ಕಂಡಿತು.

"ಅಡುಗೆ ಸಾಮಾನಾ ಸಾರ್?"

"ಇಂಬಳಕ್ಕೆ."

ಆತ ಒಮ್ಮೆ ಉಪ್ಪನ್ನು ನೋಡಿದ, ಒಮ್ಮೆ ಭಾವನವರನ್ನು ನೋಡಿದ, ಆಮೇಲೆ ಹಿಂದಿನ ಸೀಟಿನಲ್ಲಿದ್ದ ಅಕ್ಕನ ಕಡೆಗೆ ಕನಿಕರದಿಂದ ನೋಡಿ ಗೇಟು ಎತ್ತಿದ. ಅಕ್ಕ ಅಂದರೆ ನನ್ನ ಓರಗಿತ್ತಿ. ಆ ನೋಟ ಅವಳಿಗೆ ಹೊಸದಲ್ಲ.

ಊರಿನ ಹಳೇ ಕ್ವಾರ್ಟರ್ಸ್ ಹತ್ತಿರ ಬಂದಾಗ ಭಾವನವರು ಗಾಡಿ ನಿಲ್ಲಿಸಿದರು. ಒಂದು ಕಾಲಕ್ಕೆ ಇಲ್ಲಿಂದ ಕಬ್ಬಿಣದ ಅದಿರನ್ನು ನೀರಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಸುಪ್ರೀಂ ಕೋರ್ಟಿನ ತೀರ್ಪಿನ ಪ್ರಕಾರ 2005ರ ಕೊನೆಗೆ ಗಣಿ ನಿಂತಿತು, ಊರೂ ಖಾಲಿಯಾಗುತ್ತ ಬಂತು. ಕಾಡಿಗೆ ಒಳ್ಳೆಯದೇ ಆಯಿತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೂ ಬೀಗ ಜಡಿದ ಮನೆಗಳ ಸಾಲು, ಮೆಟ್ಟಿಲ ಮೇಲೆ ಮೊಣಕಾಲೆತ್ತರದ ಹುಲ್ಲು, ಗೋಡೆಗೆ ಹತ್ತಿದ ಪಾಚಿ ನೋಡುತ್ತ ಭಾವನವರು ಮನೆ ಎಣಿಸತೊಡಗಿದಾಗ ಯಾರಿಗೂ ಮಾತು ಬರಲಿಲ್ಲ. "ಆ ಬಾಗಿಲು" ಅಂದರು. "ಮಳೆಗಾಲದಲ್ಲಿ ಶಾಲೆಗೆ ಹೊರಟರೆ ಅಮ್ಮ ಅಲ್ಲಿ ನಿಂತು ಉಪ್ಪಿನ ಗಂಟು ಕೈಗೆ ಕೊಡ್ತಿದ್ಲು. ಮರೆತು ಹೋದ್ರೆ ಕೊಡೆ ಹಿಡ್ಕೊಂಡು ಹಿಂದೇನೇ ಓಡಿ ಬರ್ತಿದ್ಲು." ನಮ್ಮವರು ಆ ಬಾಗಿಲನ್ನು ಬಹಳ ಹೊತ್ತು ನೋಡಿದರು. ಅವರಿಗೆ ಅದು ನೆನಪಿಲ್ಲ. ನೆನಪಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿರಬೇಕು.

ನಾನೂ ಆಗ ಮೆತ್ತಗಾಗಿದ್ದೆ. ಅದೇ ಗಳಿಗೆಯನ್ನು ನೋಡಿಕೊಂಡು ಭಾವನವರು, "ಎಲ್ಲಿ, ಸಾಕ್ಸ್ ಬಿಚ್ಚಿ ಎಲ್ರೂ" ಅಂದರು.

ಒಬ್ಬೊಬ್ಬರ ಸಾಕ್ಸಿಗೂ ಒಂದೊಂದು ಹಿಡಿ. ಶೂ ಒಳಗೆ ಒಂದು ಹಿಡಿ. ಪ್ಯಾಂಟಿನ ಮಡಿಕೆಗೆ ಚಿಟಿಕೆ. ಅವರ ಕೈಯಲ್ಲಿ ಆಯುಧ: ಕೋಲಿನ ತುದಿಗೆ ಪಂಚೆ ತುಂಡಿನಲ್ಲಿ ಕಟ್ಟಿದ ಕಲ್ಲುಪ್ಪಿನ ಗಂಟು. ಇಂಬಳ ಕಂಡಲ್ಲಿ ಅದನ್ನು ಮುಟ್ಟಿಸಿದರೆ ಸಾಕು, ಸುರುಟಿಕೊಂಡು ಬೀಳುತ್ತದೆ. ಇದು ಮಲೆನಾಡಿನವರೆಲ್ಲ ಕಂಡಿರುವ ಸತ್ಯ, ನಾನು ಅಲ್ಲಗಳೆಯುವುದಿಲ್ಲ. ಆದರೆ ಸಂಜೆ ಹೊಳೆಗುಂಟ ನಡೆಯಲು ಹೊರಟ ಕಾಲುದಾರಿಗೆ ಅಡ್ಡಲಾಗಿ ಒಂದು ಝರಿ ಹರಿಯುತ್ತಿತ್ತು. ದಾಟಿದೆವು. ಸಾಕ್ಸಿನೊಳಗಿನ ಉಪ್ಪೆಲ್ಲ ಕರಗಿತು. ಇನ್ನು ಸಾಸಿವೆ, ಮೆಣಸಿನಪುಡಿ ಬೆರೆಸಿ ನನ್ನ ಪಾದಗಳನ್ನು ಭರಣಿಗೆ ತುಂಬುವುದೊಂದೇ ಬಾಕಿ. ಮುಳ್ಳು ಗೀರಿದ ಕಡೆಯಲ್ಲೆಲ್ಲ ಆ ನೀರು ಇಳಿದು ಉರಿ ನೆತ್ತಿಗೇರಿತು. ಕಾಲಿನ ಮೇಲೆ ಅಷ್ಟು ಉರಿಯುವಾಗ ಇಂಬಳ ಹತ್ತಿದ್ದು ಯಾರಿಗೆ ತಿಳಿಯುತ್ತದೆ?

ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಭಾವನವರು. "ದಾರಿ ನಂಗೊತ್ತು" ಅಂತ ಕ್ಯಾಂಪಿನ ವಾಚರನ್ನೂ ಹಿಂದೆ ಹಾಕಿ ನಡೆದಿದ್ದರು. ಎಲ್ಲರಿಗಿಂತ ಹಿಂದೆ ನಾನು, ನೀರಿನ ಬಾಟಲಿಗಳ ಚೀಲ ಹೊತ್ತು. ವಾಪಸ್ಸು ಬಂದು ನೋಡಿಕೊಂಡರೆ ನನ್ನ ಕಾಲಿನಲ್ಲಿ ಇಂಬಳಗಳ ಸಂತೆಯೇ ನೆರೆದಿತ್ತು. ಮಗಳಿಗೆ ಕೆಲವು, ನಮ್ಮವರಿಗೆ ಕೆಲವು, ಅಕ್ಕನಿಗೆ ಒಂದೆರಡು. ಭಾವನವರು ಎರಡೂ ಕಾಲು ಮುಂದೆ ಚಾಚಿ ಟಾರ್ಚ್ ಬಿಟ್ಟು ತೋರಿಸಿದರು. ಸ್ವಚ್ಛ.

"ಸರಿಯಾಗಿ ಉಪ್ಪು ಹಾಕ್ಕೊಂಡಿಲ್ಲ ನೀನು" ಅಂದರು ನನಗೆ.

ವಾಚರ್ ಮೆಲ್ಲಗೆ ನನ್ನ ಹತ್ತಿರ ಹೇಳಿದ, "ಅದು ಉಪ್ಪಲ್ಲ ಅಮ್ಮ. ನೆಲ ಅದುರಿದ್ರೆ, ಉಸಿರಿನ ಬಿಸಿ ತಾಗಿದ್ರೆ ಇಂಬಳ ಏಳ್ತದೆ. ಮುಂದೆ ಹೋಗೋರು ಎಬ್ಬಿಸಿ ಹೋಗ್ತಾರೆ, ಹಿಂದೆ ಬರೋರಿಗೆ ಹತ್ತುತ್ತದೆ." ಅಂದರೆ ಭಾವನವರು ದಾರಿಯುದ್ದಕ್ಕೂ ಬಾಗಿಲು ತಟ್ಟುತ್ತ ಹೋಗಿದ್ದಾರೆ, ಅತಿಥಿ ಸತ್ಕಾರ ನನಗೆ ಆಗಿದೆ. ಈ ಮಾತನ್ನು ಭಾವನವರಿಗೆ ದಾಟಿಸಿದೆ. ಕೇಳಿಸಲಿಲ್ಲ. ಅವರಿಗೆ ಬೇಡದ್ದು ಕೇಳಿಸದ ಕಿವಿ ಒಂದಿದೆ.

ರಾತ್ರಿ ಊಟವಾದ ಮೇಲೆ ಕೋಟೆ ಕಟ್ಟುವ ಕೆಲಸ ಶುರುವಾಯಿತು. ಸಿಮೆಂಟಿನ ಕಟ್ಟೆಯ ಮೇಲೆ ಅಕ್ಕಪಕ್ಕ ಎರಡು ಡೇರೆ. ಎರಡಕ್ಕೂ ಸುತ್ತ ಬೆರಳಗಲದ ಉಪ್ಪಿನ ಗೆರೆ. ಬಾಗಿಲಿಗೆ ದಪ್ಪ ಗೆರೆ. ಹಾಸಿಗೆಯ ನಾಲ್ಕು ಮೂಲೆಗೆ ಸ್ವಲ್ಪ ಸ್ವಲ್ಪ. ನಮ್ಮ ಡೇರೆಯ ಹಿಂಭಾಗಕ್ಕೆ ಬರುವಷ್ಟರಲ್ಲಿ ತಂದದ್ದೆಲ್ಲ ಮುಗಿಯಿತು. ಭಾವನವರು ಸೊಂಟದ ಮೇಲೆ ಕೈಯಿಟ್ಟು ಯೋಚಿಸಿ, ಅಡುಗೆಮನೆಯ ಕಡೆ ಹೋಗಿ ಬಂದರು. ಕೈಯಲ್ಲೊಂದು ಡಬ್ಬಿಯಿತ್ತು. ಎಲ್ಲಿಂದ ಅಂತ ನಾನು ಕೇಳಲಿಲ್ಲ.

ಮಗ್ಗುಲು ಬದಲಿಸಿದರೆ ಉಪ್ಪು ಒತ್ತುತ್ತಿತ್ತು. ಹೊಳೆಯ ಸದ್ದು ಕೇಳುತ್ತ ನಿದ್ದೆ ಹತ್ತಿದ್ದು ಯಾವಾಗಲೋ. ಎಚ್ಚರವಾದದ್ದು ಬೇರೆ ಸದ್ದಿಗೆ.

ಸರ್. ಸರ್. ಸರ್.

ಯಾರೋ ಕಟ್ಟೆಯನ್ನು ಒರಟು ಬಟ್ಟೆಯಲ್ಲಿ ಉಜ್ಜುತ್ತಿರುವ ಸದ್ದು. ನಡುವೆ ಭುಸ್ ಅಂತ ಒಂದು ಉಸಿರು. ನಮ್ಮವರನ್ನು ತಿವಿದೆ. ಅವರು ಆಗಲೇ ಎದ್ದು, ಕಣ್ಣು ಬಿಟ್ಟುಕೊಂಡು ಮಲಗಿದ್ದರು.

"ಯಾರೋ ನೆಕ್ತಿದಾರೆ" ಅಂದರು, ತುಟಿ ಅಲ್ಲಾಡಿಸದೆ.

"ಏನನ್ನ?"

"ಸದ್ಯಕ್ಕೆ ಕಟ್ಟೇನ."

ಸರ್. ಸರ್. ಸದ್ದು ಬಾಗಿಲಿನಿಂದ ನನ್ನ ತಲೆಯ ಕಡೆಗೆ ಬಂತು. ಡೇರೆಯ ಬಟ್ಟೆ ಒಳಗೆ ಉಬ್ಬಿ, ಮತ್ತೆ ಹಿಂದೆ ಸರಿಯಿತು. ನನ್ನ ಮುಖಕ್ಕೂ ಅದರ ಮುಖಕ್ಕೂ, ಅದು ಯಾವುದೇ ಇರಲಿ, ನಡುವೆ ಒಂದು ತೆಳ್ಳನೆಯ ಬಟ್ಟೆ, ಒಂದು ಗೆರೆ ಉಪ್ಪು. ಮಗಳು ನನ್ನ ಕೈಯನ್ನು ಹಿಂಡುತ್ತಿದ್ದಳು. ನಾನು ನಮ್ಮವರ ಕೈಯನ್ನು ಹಿಂಡುತ್ತಿದ್ದೆ. ಅವರಿಗೆ ಹಿಂಡಲು ಯಾರೂ ಇಲ್ಲದ್ದರಿಂದ ಪಕ್ಕದ ಡೇರೆಗೆ ಕೇಳುವಷ್ಟೇ ದನಿಯಲ್ಲಿ, "ಅಣ್ಣಾ..." ಅಂದರು.

ಆ ಕಡೆಯಿಂದ ಭಾವನವರ ದನಿ ಬಂತು. ಅಷ್ಟು ಸಮಾಧಾನದ ದನಿಯನ್ನು ನಾನು ಡಾಕ್ಟರ ಬಾಯಲ್ಲೂ ಕೇಳಿಲ್ಲ.

"ಯಾರೂ ಅಲ್ಲಾಡಬೇಡಿ. ಹುಲಿ ಇರಬಹುದು. ಉಪ್ಪು ದಾಟಿ ಬರಲ್ಲ."

ಒಂದು ಕ್ಷಣ ಎಲ್ಲ ಸ್ತಬ್ಧ. ಹೊರಗಿನದ್ದೂ ನೆಕ್ಕುವುದನ್ನು ನಿಲ್ಲಿಸಿತು. ಆಮೇಲೆ ಕತ್ತಲೆಯಲ್ಲಿ ಅಕ್ಕನ ಮಾತು, ಮೂವತ್ತು ವರ್ಷದ ಸಂಸಾರವೆಲ್ಲ ಒಂದೇ ಉಸಿರಿನಲ್ಲಿ: "ಹುಲಿಗೂ ಉಪ್ಪಾರೀ?"

ನನಗೆ ನಗು ಬಂತು. ಸಾಯುವ ಹೊತ್ತಿನಲ್ಲಿ ಬರುವ ನಗು ಎಷ್ಟು ಕೆಟ್ಟದ್ದು ಅಂದರೆ ತಡೆಯಲಿಕ್ಕೇ ಆಗುವುದಿಲ್ಲ. ಬಾಯಿಗೆ ಹೊದಿಕೆ ತುರುಕಿಕೊಂಡೆ. ಹೊದಿಕೆಯೂ ಉಪ್ಪಾಗಿತ್ತು. ಮಗಳು ಕಿಸಕ್ಕೆಂದಳು, ನಮ್ಮವರು ಕೆಮ್ಮಿದರು, ಹೊರಗೆ ಗೊರಸಿನ ಸದ್ದಾಯಿತು. ಅಷ್ಟರಲ್ಲಿ ವಾಚರ್ ದೂರದಿಂದ ಟಾರ್ಚ್ ಬಿಟ್ಟ. ಜಿಪ್ಪು ನಾಲ್ಕು ಬೆರಳಷ್ಟು ಇಳಿಸಿ ಇಣುಕಿದೆವು. ಕಡವೆ. ಕವಲುಗೊಂಬಿನ ದೊಡ್ಡ ಗಂಡು. ಮೂಗಿನ ತುದಿಗೆ ಬಿಳೀ ಪುಡಿ ಮೆತ್ತಿಕೊಂಡು, ಊಟದ ನಡುವೆ ಎಬ್ಬಿಸಿದ್ದಕ್ಕೆ ಬೇಸರವಾದವರ ಹಾಗೆ ಬೆಳಕಿನ ಕಡೆ ನೋಡಿತು. ಆಮೇಲೆ ಕಾಡು ನಡುಗುವಂತೆ ಒಮ್ಮೆ ಕೂಗಿ, ಪೊದೆ ಮುರಿದುಕೊಂಡು ಹೊರಟುಹೋಯಿತು.

ವಾಚರ್ ಕಟ್ಟೆಯ ಮೇಲೆ ಬೆರಳಾಡಿಸಿ ನಾಲಿಗೆಗೆ ಇಟ್ಟುಕೊಂಡ.

"ಎಂತ ಸಾರ್ ಇದು!"

ಎಲೆ, ಹುಲ್ಲಿನಲ್ಲಿ ಉಪ್ಪಿನ ಅಂಶ ಬಹಳ ಕಡಿಮೆಯಂತೆ. ಅದಕ್ಕೇ ಕಡವೆ, ಕಾಟಿಗಳೆಲ್ಲ (ಕಾಟಿ ಅಂದರೆ ಕಾಡುಕೋಣ) ಉಪ್ಪಿನ ಮಣ್ಣು ಹುಡುಕಿಕೊಂಡು ಹೋಗಿ ನೆಕ್ಕುತ್ತವಂತೆ. ಕೆಲವು ಕಾಡುಗಳಲ್ಲಿ ಅರಣ್ಯದವರೇ ಅಂಥ ಜಾಗ ಮಾಡಿಡುವುದೂ ಉಂಟು. "ಕಾಡಿನ ಒಳಗೆ ಮಾಡ್ತಾರೆ ಸಾರ್, ನೀವು ಮಲಗೋ ಜಾಗದ ಸುತ್ತ ಅಲ್ಲ. ಕಡವೆ ಬಂದದ್ದು ನಿಮ್ಮ ಪುಣ್ಯ. ಕಾಟಿ ಬಂದು ಕಟ್ಟೆಗೆ ಒರಗಿದ್ರೆ ಡೇರೆ ಎಲ್ಲಿರ್ತಿತ್ತು?" ಕಾಡುಪ್ರಾಣಿಗಳಿಗೆ ಏನನ್ನೂ ತಿನ್ನಿಸಬಾರದು ಅಂತ ಬೋರ್ಡು ಹಾಕಿರುವುದನ್ನೂ ತೋರಿಸಿದ. ಬೋರ್ಡಿನ ಬುಡದಲ್ಲೂ ಭಾವನವರು ಒಂದಿಷ್ಟು ಉಪ್ಪು ಹಾಕಿದ್ದರು.

ಆ ನಡುರಾತ್ರಿಯಲ್ಲಿ ಭಾವನವರು ಪಂಚೆ ಎತ್ತಿಕಟ್ಟಿ, ಒಂದು ಕೈಯಲ್ಲಿ ಬಕೆಟ್ಟು, ಒಂದು ಕೈಯಲ್ಲಿ ಪೊರಕೆ ಹಿಡಿದು ತಮ್ಮ ಕೋಟೆಯನ್ನು ತಾವೇ ತೊಳೆದರು. ಅಕ್ಕ ಟಾರ್ಚ್ ಹಿಡಿದು, ಉಳಿದ ಕಡೆಗಳನ್ನು ತೋರಿಸುತ್ತ ನಿಂತಿದ್ದಳು. ಇಷ್ಟು ಖುಷಿಯಾಗಿ ಅವಳನ್ನು ನಾನು ಯಾವ ಪ್ರವಾಸದಲ್ಲೂ ಕಂಡಿಲ್ಲ. ನಾವು ಸಹಾಯಕ್ಕೆ ಹೋಗಬಹುದಿತ್ತು. ಹೋಗಲಿಲ್ಲ.

ಕೆಲಸ ಮುಗಿಸಿ ಭಾವನವರು ನನ್ನ ಮಗಳ ತಲೆ ಸವರಿ ಹೇಳಿದ ಮಾತು ಕೇಳಿ: "ನೋಡಿದ್ಯಾ ಪುಟ್ಟಿ? ಸಫಾರಿಗೆ ದುಡ್ಡು ಕೊಟ್ಟು ಹೋದ್ರೂ ಇಷ್ಟು ಹತ್ರ ಕಾಣಲ್ಲ. ದೊಡ್ಡಪ್ಪ ಬಾಗಿಲಿಗೇ ತರಿಸಿದೆ." ಕಡವೆಗೆ ಇವರು ಮೊದಲೇ ಹೇಳಿಕಳಿಸಿದ್ದರು ಅನ್ನುವ ಕತೆ ಈಗ ನೆಂಟರಿಷ್ಟರಲ್ಲೆಲ್ಲ ಓಡಾಡುತ್ತಿದೆ. ಮಗಳೂ ಅದನ್ನೇ ಶಾಲೆಯಲ್ಲಿ ಹೇಳಿದ್ದಾಳೆ. ನನ್ನ ಕಾಲಿನ ಕತೆ ಯಾರಿಗೂ ಬೇಕಿಲ್ಲ.

ಬೆಳಿಗ್ಗೆ ತಿಂಡಿಗೆ ಉಪ್ಪಿಟ್ಟು. ಹೊಳೆಯ ಮೇಲೆ ಮಂಜು, ಹೊಗೆಯಾಡುವ ತಟ್ಟೆ, ರಾತ್ರಿಯಿಡೀ ನಿದ್ದೆಗೆಟ್ಟ ಹಸಿವು. ನಾನು ಒಂದು ತುತ್ತು ಬಾಯಿಗಿಟ್ಟು ಅಕ್ಕನ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ನಮ್ಮವರು ತಟ್ಟೆ ನೋಡಿದರು. ಯಾರೂ ಬಾಯಿ ಬಿಡಲಿಲ್ಲ.

ಭಾವನವರು ಎರಡು ತುತ್ತು ಅಗಿದು, ಮೂರನೆಯದಕ್ಕೆ ನಿಂತು, ಬಡಿಸುತ್ತಿದ್ದ ಅಡುಗೆಯವರನ್ನು ಕರೆದರು. "ಎಲ್ಲ ಚೆನ್ನಾಗಿದೆ ಮಾರಾಯ. ಉಪ್ಪೊಂದು ಸ್ವಲ್ಪ ಮುಂದಾಗಬೇಕಿತ್ತು."

"ಹೌದು ಸಾರ್" ಅಂದರು ಅವರು, ಇನ್ನೊಂದು ಸೌಟು ಬಡಿಸುತ್ತ. "ಡಬ್ಬಿಯಲ್ಲಿ ಇದ್ದದ್ದನ್ನ ರಾತ್ರಿ ಕಡವೆ ತಿಂದು ಹೋಯ್ತು."