ಆಲ್ದೂರಿನ ಮಳೆ ಮತ್ತು ಒಂದು ಸಿಗ್ನೇಚರ್ ಗಿಟಾರ್

ಮೊನ್ನೆ ಪಕ್ಕದ ಮನೆ ಹುಡುಗ ಬಂದಿದ್ದ. ಡಿಗ್ರಿ ಎರಡನೇ ವರ್ಷ ಓದುತ್ತಿದ್ದಾನೆ. ನನ್ನ ಗಿಟಾರ್ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. "ಅಕ್ಕಾ, ಇದು ಸಿಗ್ನೇಚರ್ ಮಾಡೆಲ್ ಅಂದ್ರಲ್ಲ, ಸೈನ್ ಎಲ್ಲಿದೆ?" ಅಂತ ಕೇಳಿದ. ನಾನು ಅವನ ಎಡಗೈ ಹಿಡಿದು ಗಿಟಾರಿನ ಕತ್ತಿನ ಸುತ್ತ ಇಟ್ಟೆ. ಹೆಬ್ಬೆರಳು ಹಿಂದೆ, ನಾಲ್ಕು ಬೆರಳು ಮುಂದೆ. "ಇಲ್ಲಿದೆ ನೋಡು" ಅಂದೆ.

ಅವನು ಸುಮ್ಮನೆ ನಕ್ಕ. ಪ್ರಶ್ನೆ ಮಾತ್ರ ನನ್ನ ತಲೆಯಲ್ಲೇ ಉಳಿಯಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನದು ಪಿಆರ್‌ಎಸ್ ಕಂಪನಿಯ ಎಸ್‌ಇ ಸಿಲ್ವರ್ ಸ್ಕೈ ಅನ್ನುವ ಎಲೆಕ್ಟ್ರಿಕ್ ಗಿಟಾರ್. ಅಮೆರಿಕದ ಗಾಯಕ, ಗಿಟಾರ್ ವಾದಕ ಜಾನ್ ಮೇಯರ್ ಅವರ ಸಿಗ್ನೇಚರ್ ಮಾಡೆಲ್. ಅಮೆರಿಕದಲ್ಲಿ ಮಾಡುವ ಸಿಲ್ವರ್ ಸ್ಕೈ 2018ರಲ್ಲಿ ಬಂತು. ಇಂಡೋನೇಷ್ಯಾದಲ್ಲಿ ಮಾಡುವ, ಕಡಿಮೆ ಬೆಲೆಯ ಎಸ್‌ಇ 2022ರಲ್ಲಿ ಬಂತು. ಚೀಟಿ ಎತ್ತಿದ ದುಡ್ಡಿನಲ್ಲಿ ನಾನು ತೆಗೆದುಕೊಂಡದ್ದು ಎಸ್‌ಇ, ಅದೂ ಸೆಕೆಂಡ್ ಹ್ಯಾಂಡ್. ಆಗ ಗೆಳೆಯರೊಬ್ಬರು ಹೇಳಿದರು, "ಯಾರದೋ ಹೆಸರಿಗೆ ಯಾಕೆ ದುಡ್ಡು ಸುರಿತೀಯ? ಅದೇ ದುಡ್ಡಿಗೆ ಎರಡು ಗಿಟಾರ್ ಬರುತ್ತೆ." ಈ ಮಾತನ್ನು ನೀವೂ ಕೇಳಿರುತ್ತೀರಿ. ನಾನು ಇದನ್ನು ಒಪ್ಪುವುದಿಲ್ಲ.

ಸಿಗ್ನೇಚರ್ ಗಿಟಾರ್ ಅಂದರೆ ಒಬ್ಬ ವಾದಕ ವರ್ಷಗಟ್ಟಲೆ ನುಡಿಸಿ, ತನ್ನ ಕೈಗೆ ಯಾವುದು ಬೇಕು, ಯಾವುದು ಬೇಡ ಅಂತ ಕಂಡುಕೊಂಡದ್ದನ್ನೆಲ್ಲ ಮರ ಮತ್ತು ಲೋಹದಲ್ಲಿ ಇಳಿಸಿದ್ದು. ಬ್ರಿಟಿಷ್ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಅವರದನ್ನೇ ನೋಡಿ. 1988ರಲ್ಲಿ ಫೆಂಡರ್ ಕಂಪನಿ ಅವರ ಹೆಸರಿನ ಸ್ಟ್ರ್ಯಾಟೋಕಾಸ್ಟರ್ ಗಿಟಾರ್ ತಂದಿತು. ಅವರಿಗೆ ಟ್ರೆಮೊಲೊ, ಅಂದರೆ ಹಿಡಿ ಒತ್ತಿ ಸ್ವರ ಏರಿಳಿಸುವ ವ್ಯವಸ್ಥೆ, ಬೇಕಿರಲಿಲ್ಲ. ಹಾಗಾಗಿ ಹಿಂದಿನ ಸ್ಪ್ರಿಂಗ್ ಗುಂಡಿಯಲ್ಲಿ ಒಂದು ಮರದ ತುಂಡು ಸಿಕ್ಕಿಸಿ, ಅದು ಅಲ್ಲಾಡದ ಹಾಗೆ ಮಾಡಿರುತ್ತಾರೆ. ಸಹಿ ಅಂದರೆ ಆ ಮರದ ತುಂಡು. ತಲೆಯ ಮೇಲಿನ ಅಕ್ಷರ ಅಲ್ಲ.

ಇನ್ನೊಂದು ಉದಾಹರಣೆ ನಮಗೆ ತೀರ ಹತ್ತಿರದ್ದು. ಬ್ರಿಟಿಷ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ 1970ರ ದಶಕದಲ್ಲಿ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಜೊತೆ ಶಕ್ತಿ ತಂಡ ಕಟ್ಟಿದರು. ಅವರು ವೀಣೆಯನ್ನೂ ಕಲಿತವರು. ಶಕ್ತಿಗಾಗಿ ಮಾಡಿಸಿಕೊಂಡ ಗಿಟಾರಿನಲ್ಲಿ ಫ್ರೆಟ್‌ಗಳ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳ) ನಡುವಿನ ಮರವನ್ನು ಬಟ್ಟಲಿನ ಹಾಗೆ ಕೆತ್ತಿಸಿದ್ದರು. ಯಾಕೆ ಅಂತ ವೀಣೆ ನುಡಿಸುವವರಿಗೆ ಹೇಳಬೇಕಾಗಿಲ್ಲ. ವೀಣೆಯಲ್ಲಿ ಬೆರಳಿಗೆ ದಂಡಿ ತಾಗುವುದೇ ಇಲ್ಲ. ಮೇಣದ ಮೇಲೆ ಕೂತ ಮೆಟ್ಟಿಲು, ಅದರ ಮೇಲೆ ತಂತಿ, ಅಷ್ಟೇ. ಅದಕ್ಕೇ ತಂತಿಯನ್ನು ಎಷ್ಟು ಬೇಕಾದರೂ ಎಳೆದು ಗಮಕ ತೆಗೆಯಬಹುದು.

ಸಿಲ್ವರ್ ಸ್ಕೈ ಬಂದಾಗ ಅದರ ತಲೆ ಭಾಗ ತಿರುಗುಮುರುಗಾಗಿದೆ ಅಂತ ಎಷ್ಟೋ ಜನ ಆಡಿಕೊಂಡರು. ಕತ್ತಿನ ಬಗ್ಗೆ ಮಾತಾಡಿದವರು ಕಡಿಮೆ. ನನಗೆ ಇಷ್ಟವಾದದ್ದು ಅದೇ. 1963 ಮತ್ತು 1964ರ ಹಳೇ ಗಿಟಾರ್‌ಗಳನ್ನು ಇಟ್ಟುಕೊಂಡು ಇದರ ರೂಪ ತೆಗೆದರು. ಎಲೆಕ್ಟ್ರಿಕ್ ಗಿಟಾರಿನ ಫ್ರೆಟ್‌ಬೋರ್ಡ್, ಅಂದರೆ ಫ್ರೆಟ್‌ಗಳು ಕೂತಿರುವ ಹಲಗೆ, ಸಾಮಾನ್ಯವಾಗಿ ಪೂರ್ತಿ ಸಪಾಟಾಗಿರುವುದಿಲ್ಲ, ಅಡ್ಡಲಾಗಿ ಸ್ವಲ್ಪ ಉಬ್ಬಿರುತ್ತದೆ. ಆ ಕಾಲದ ಫೆಂಡರ್‌ಗಳಲ್ಲಿ ಆ ಉಬ್ಬು ಏಳೂಕಾಲು ಇಂಚಿನ ರೇಡಿಯಸ್‌ದು. ಅಂದರೆ ಚೆನ್ನಾಗಿಯೇ ಉಬ್ಬಿರುತ್ತದೆ. ಕಾರ್ಡ್ ಹಿಡಿಯಲು ಬಹಳ ಹಿತ. ಆದರೆ ತಂತಿ ಜಾಸ್ತಿ ತಗ್ಗಿಸಿಟ್ಟು ಮೇಲೆ ಎಳೆದರೆ, ಅದು ಉಬ್ಬಿಗೆ ತಾಗಿ ಸ್ವರ ಅಲ್ಲೇ ಸತ್ತುಹೋಗುತ್ತದೆ. ಅಮೆರಿಕದ ಸಿಲ್ವರ್ ಸ್ಕೈಯಲ್ಲಿ ಅದೇ 7.25 ಇಂಚು. ನನ್ನ ಎಸ್‌ಇಯಲ್ಲಿ 8.5 ಇಂಚು, ಸ್ವಲ್ಪ ಚಪ್ಪಟೆ. ಒಂದೂಕಾಲು ಇಂಚಿನ ವ್ಯತ್ಯಾಸ ಕಾಗದದ ಮೇಲೆ ಏನೂ ಅಲ್ಲ ಅನ್ನಿಸುತ್ತೆ. ಬೆರಳಿಗೆ ಗೊತ್ತಾಗುತ್ತೆ.

ಇಷ್ಟೆಲ್ಲ ಗೊತ್ತಾದ ಮೇಲೆ ನಾನು ಹೇಳಬೇಕು ಅಂದುಕೊಂಡದ್ದು ಇದು. ಆ ಕತ್ತು, ಆ ಉಬ್ಬು, ತಂತಿಯ ಕಂಪನ ಹಿಡಿದು ಆಂಪ್ಲಿಫೈಯರ್‌ಗೆ ಕಳಿಸುವ ಆ ಪಿಕಪ್ ಮೇಯರ್ ಅವರದು. ಆದರೆ ತಂತಿ ಎಷ್ಟು ಎತ್ತರ ಇರಬೇಕು, ಎಷ್ಟು ದಪ್ಪ ಇರಬೇಕು, ಟ್ರೆಮೊಲೊ ಎಷ್ಟು ಬಿಗಿ ಇರಬೇಕು, ಇದೆಲ್ಲ ನುಡಿಸುವವರದು. ಮತ್ತೆ ನುಡಿಸುವ ಊರಿನದು. ನಮ್ಮೂರಲ್ಲಿ ಊರಿನದೇ ಜಾಸ್ತಿ.

ಮೊದಲ ವರ್ಷ ನನಗಿದು ಗೊತ್ತಿರಲಿಲ್ಲ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಸೆಟಪ್ ಮಾಡಿಸಿದೆ, ಅಂದರೆ ಕತ್ತು, ತಂತಿಯ ಎತ್ತರ ಎಲ್ಲ ಹೊಂದಿಸಿಕೊಡುವ ಕೆಲಸ. ಎರಡು ದಿನ ಇಟ್ಟುಕೊಂಡು ಕೊಟ್ಟರು. ಅಲ್ಲಿ ನುಡಿಸಿದಾಗ ಬೆಣ್ಣೆಯ ಹಾಗಿತ್ತು. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ ನಮ್ಮ ತೋಟದ ಮನೆಗೆ ತಂದೆ. ಅದು ಜುಲೈ. ಎರಡು ವಾರದಲ್ಲಿ ತಂತಿ ಎದ್ದು ನಿಂತಿತ್ತು. ಕೆಳಗಿನ ಫ್ರೆಟ್‌ನಲ್ಲಿ ಎಫ್ ಕಾರ್ಡ್ ಹಿಡಿದರೆ ಮಣಿಕಟ್ಟು ನೋಯುತ್ತಿತ್ತು. ಫೋನ್ ಮಾಡಿದರೆ "ನಮ್ಮ ಕಡೆಯಿಂದ ಸರಿ ಇತ್ತು ಮೇಡಂ" ಅಂದರು. ಅವರಿಗೆ ಸರಿ ಇತ್ತು, ನಿಜ. ಆದರೆ ಗಿಟಾರ್ ಎಲ್ಲಿಗೆ ಹೋಗುತ್ತೆ ಅಂತ ಒಂದು ಮಾತು ಕೇಳಬೇಕಿತ್ತು. ಕೇಳದೆ ಮಾಡಿದ ಸೆಟಪ್ ಅರ್ಧ ಸೆಟಪ್.

ಮಲೆನಾಡಿನವರಿಗೆ ತೇವ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಕಣದಲ್ಲಿ ಕಾಫಿ ಒಣಗಿಸುವಾಗ ಅಪ್ಪ ದಿನಕ್ಕೆ ನಾಲ್ಕು ಸಲ ಬೀಜ ಕೈಗೆ ತೆಗೆದುಕೊಂಡು ನೋಡುತ್ತಾರೆ. ಮರವೂ ಹಾಗೇ. ತೇವ ಕುಡಿಯುತ್ತೆ, ಉಬ್ಬುತ್ತೆ, ಬೇಸಿಗೆಯಲ್ಲಿ ಬಿಟ್ಟುಕೊಡುತ್ತೆ. ಯಾವ ಕತ್ತು ಯಾವ ಕಡೆ ಬಾಗುತ್ತೆ ಅನ್ನೋದು ಆಯಾ ಮರದ ಎಳೆಯ ಮೇಲಿದೆ. ಗಿಟಾರ್‌ಗೆ ಹಿತವಾದ ತೇವ ಶೇಕಡಾ 45ರಿಂದ 55. ಪುನರ್ವಸು ಮಳೆ ಹಿಡಿದಾಗ ನಮ್ಮ ಮನೆಯಲ್ಲಿ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಬರುತ್ತೆ. ಅಲ್ಲಿ ಗಿಟಾರ್ ಏನು ಮಾಡೀತು?

ಹಾಗಾಗಿ ನಾನೇ ಕಲಿತೆ. ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಅಲೆನ್ ಕೀ, ಸ್ಕ್ರೂ ಡ್ರೈವರ್, ಮಿಲಿಮೀಟರ್ ಗೆರೆ ಚೆನ್ನಾಗಿ ಕಾಣುವ ಒಂದು ಸ್ಟೀಲ್ ಸ್ಕೇಲ್, ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಯಾಪೊ, ಟ್ಯೂನರ್. ಮತ್ತೆ ಫೀಲರ್ ಗೇಜ್, ಸಣ್ಣ ಸಂದು ಅಳೆಯುವ ತೆಳು ಲೋಹದ ಎಲೆಗಳ ಕಟ್ಟು. ಅದನ್ನು ತಂದದ್ದು ಚಿಕ್ಕಮಗಳೂರಿನ ಆಟೊಮೊಬೈಲ್ ಸ್ಪೇರ್ಸ್ ಅಂಗಡಿಯಿಂದ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸಂದು ನೋಡುವ ಅದೇ ಗೇಜ್.

ಕಳೆದ ಭಾನುವಾರ ಮತ್ತೆ ಕೂತೆ. ಮೇಜಿನ ಮೇಲೆ ಹಳೇ ಬೆಡ್‌ಶೀಟ್ ಮಡಚಿ ಹಾಸಿದೆ. ಹೊಸ ತಂತಿ ಹಾಕಿದೆ, ಹತ್ತರಿಂದ ನಲವತ್ತಾರರ ಸೆಟ್ (ಇದು ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ ತಂತಿಯ ದಪ್ಪ). ತಂತಿ ಹಾಕುವ ಮುಂಚೆ ತಲೆಯ ಬುಡದಲ್ಲಿ ತಂತಿ ಕೂರುವ ನಟ್‌ನ ಕಚ್ಚುಗಳಲ್ಲಿ ಪೆನ್ಸಿಲ್ ಮೊನೆ ಉಜ್ಜಿದೆ, ತಂತಿ ಸಿಕ್ಕಿಕೊಳ್ಳದೆ ಜಾರಲಿ ಅಂತ. ಸರಿಯಾಗಿ ಶ್ರುತಿ ಮಾಡಿದೆ. ಒಂದನೇ ಫ್ರೆಟ್‌ಗೆ ಕ್ಯಾಪೊ. ಕತ್ತು ಮೈಗೆ ಸೇರುವ ಜಾಗದಲ್ಲಿ ದಪ್ಪ ತಂತಿಯನ್ನು ಬಲಗೈ ಬೆರಳಿನಿಂದ ಒತ್ತಿ ಹಿಡಿದೆ. ಈಗ ತಂತಿಯೇ ಒಂದು ನೇರ ಗೆರೆ. ಎಂಟನೇ ಫ್ರೆಟ್‌ನ ತಲೆಗೂ ತಂತಿಗೂ ನಡುವೆ ಗೇಜಿನ ಎಲೆ ತೂರಿಸಿದೆ. ಕಾಲು ಮಿಲಿಮೀಟರ್‌ನ ಎಲೆ ಬಿಗಿಯಾಗಿ ಹೋಗಬೇಕಿತ್ತು. ಅರ್ಧ ಮಿಲಿಮೀಟರ್‌ನದು ಸಲೀಸಾಗಿ ಹೋಯಿತು. ಕತ್ತು ಮುಂದಕ್ಕೆ ಬಾಗಿದೆ.

ಕತ್ತಿನೊಳಗೆ ಟ್ರಸ್ ರಾಡ್ ಅಂತ ಉಕ್ಕಿನ ಸರಳು ಇರುತ್ತೆ. ತಂತಿಗಳೆಲ್ಲ ಸೇರಿ ಕತ್ತನ್ನು ಮುಂದಕ್ಕೆ ಎಳೆಯುತ್ತವೆ, ಇದು ಎದುರು ಎಳೆಯುತ್ತೆ. ತಲೆಯ ಮೇಲಿನ ಮುಚ್ಚಳ ಬಿಚ್ಚಿ ಕೀ ಕೂರಿಸಿದೆ. ಬಲಕ್ಕೆ ಕಾಲು ಸುತ್ತು. ಅಷ್ಟೇ, ಜಾಸ್ತಿ ಇಲ್ಲ. ಮತ್ತೆ ಶ್ರುತಿ, ಮತ್ತೆ ಅಳತೆ. ಇನ್ನೂ ಬೇಕಿತ್ತು. ಇನ್ನೊಂದು ಸಲ, ಇನ್ನೂ ಕಡಿಮೆ. ಈ ಕೆಲಸದಲ್ಲಿ ಅವಸರ ಮಾಡಲೇಬೇಡಿ. ಬಿಗಿಯಾದದ್ದನ್ನು ಬಲ ಹಾಕಿ ತಿರುಗಿಸಿ, ಸರಳು ತುಂಡಾದ ಗಿಟಾರನ್ನು ನಾನು ನೋಡಿದ್ದೇನೆ. ಅದನ್ನು ನೋಡಿದಾಗ ಹೊಟ್ಟೆ ಕಿವುಚಿದ ಹಾಗಾಗಿತ್ತು.

ಆಮೇಲೆ ತಂತಿಯ ಎತ್ತರ. ಹನ್ನೆರಡನೇ ಫ್ರೆಟ್‌ನಲ್ಲಿ ಸ್ಕೇಲ್ ಇಟ್ಟು ನೋಡಬೇಕು. ಎಷ್ಟೋ ಜನ ಒಂದೂವರೆ ಮಿಲಿಮೀಟರ್‌ಗಿಂತ ಕೆಳಗೆ ಇಳಿಸುತ್ತಾರೆ. ನಾನು ದಪ್ಪ ತಂತಿ 1.8, ತೆಳು ತಂತಿ 1.6ರಲ್ಲಿ ಇಟ್ಟುಕೊಳ್ಳುತ್ತೇನೆ. ನನಗೆ ತಂತಿ ಎಳೆಯುವ ಚಟ. ಉಬ್ಬಿದ ಬೋರ್ಡ್ ಮೇಲೆ ಅಷ್ಟು ಜಾಗ ಬೇಕೇ ಬೇಕು. ಹದಿಮೂರನೇ ಫ್ರೆಟ್‌ನಲ್ಲಿ ತೆಳು ತಂತಿಯನ್ನು ಒಂದು ಪೂರ್ತಿ ಸ್ವರ ಮೇಲೆ ಎಳೆದೆ. ಸಾಯಲಿಲ್ಲ, ಉಸಿರು ಇರುವವರೆಗೂ ಹಾಡಿತು. ಪಿಕಪ್ ಎತ್ತರವನ್ನೂ ನೋಡಿಕೊಂಡೆ. ತೀರ ಹತ್ತಿರ ಬಂದರೆ ಅದರ ಆಯಸ್ಕಾಂತ ತಂತಿಯನ್ನೇ ಎಳೆದು ಸ್ವರ ಅಲೆದಾಡಿಸುತ್ತೆ.

ಕೊನೆಯದು ಇಂಟೊನೇಷನ್, ಅಂದರೆ ಕತ್ತಿನ ಮೇಲೆ ಎಲ್ಲಿ ಒತ್ತಿದರೂ ಸ್ವರ ಶ್ರುತಿಯಲ್ಲಿರುವ ಹಾಗೆ ನೋಡಿಕೊಳ್ಳುವುದು. ಇಲ್ಲಿ ನಮ್ಮ ಸೋದರತ್ತೆ ಬಂದರು. ಅತ್ತೆ ನಲವತ್ತು ವರ್ಷದಿಂದ ವೀಣೆ ನುಡಿಸುತ್ತಾರೆ. ಒಳಗೆ ಅಕ್ಕಿ ಆರಿಸುತ್ತಾ ಕೂತಿದ್ದವರು ಅಲ್ಲಿಂದಲೇ, "ಮೇಲಿನ ಷಡ್ಜ ಏರಿದೆ ಕಣೆ ಪುಟ್ಟಿ" ಅಂದರು. ಆಮೇಲೆ ಟ್ಯೂನರ್ ನೋಡಿದೆ. ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಆರು ಸೆಂಟ್ಸ್ ಜಾಸ್ತಿ ತೋರಿಸುತ್ತಿತ್ತು. ಒಂದು ಅರ್ಧಸ್ವರದಲ್ಲಿ ನೂರು ಸೆಂಟ್ಸ್. ಅದರಲ್ಲಿ ಆರನ್ನು ಅತ್ತೆಯ ಕಿವಿ ಅಡುಗೆಮನೆಯಿಂದ ಹಿಡಿಯಿತು.

ಏನು ಮಾಡ್ತೀಯ ಅಂತ ಕೇಳುತ್ತಾ ಬಂದು ಪಕ್ಕದಲ್ಲಿ ಕೂತರು. ಸ್ಯಾಡಲ್‌ನ, ಅಂದರೆ ಗಿಟಾರಿನ ಮೈ ಕಡೆ ತಂತಿ ಕೂರುವ ಕುದುರೆಯ, ಸ್ಕ್ರೂ ತಿರುಗಿಸಿ ತೋರಿಸಿದೆ. ಒತ್ತಿದ ಸ್ವರ ಏರಿದ್ದರೆ ತಂತಿಯ ಉದ್ದ ಜಾಸ್ತಿ ಮಾಡಬೇಕು, ಸ್ಯಾಡಲ್ ಹಿಂದಕ್ಕೆ ಹೋಗಬೇಕು. ಅತ್ತೆಗೆ ಬಹಳ ಖುಷಿ ಆಯಿತು. "ಓ, ನಿಮ್ಮದರಲ್ಲಿ ಒಂದೊಂದು ತಂತಿಗೂ ಒಂದೊಂದು ಕುದುರೆ! ನಮ್ಮಲ್ಲಿ ಮೆಟ್ಟಿಲನ್ನೇ ಸರಿಸಬೇಕಲ್ಲೇ" ಅಂದರು. ವೀಣೆಯ ಇಪ್ಪತ್ನಾಲ್ಕು ಮೆಟ್ಟಿಲೂ ಮೇಣದಲ್ಲಿ ಕೂತಿರುತ್ತವೆ. ವರ್ಷಗಳಾದ ಮೇಲೆ ಮೇಣ ತೆಗೆದು, ಹೊಸದಾಗಿ ಹಾಕಿ, ಒಂದೊಂದನ್ನೂ ಕಿವಿಯಿಂದಲೇ ಕೂರಿಸುತ್ತಾರೆ. ಅತ್ತೆ ಅದನ್ನು ಮಾಡಿಸುವಾಗ ಎದುರಿಗೇ ಕೂತಿರುತ್ತಾರೆ. ನುಡಿಸುವವರು ಎದುರಿಗಿಲ್ಲದೆ ವೀಣೆ ಮಾತ್ರ ಕಳಿಸಿಕೊಡುವ ಮಾತೇ ಇಲ್ಲ. ನಾನು ಬೆಂಗಳೂರಿನಲ್ಲಿ ಗಿಟಾರ್ ಬಿಟ್ಟು, ಆಮೇಲೆ ಫೋನ್‌ನಲ್ಲಿ ಜಗಳ ಆಡಿದ್ದನ್ನು ನೆನೆಸಿಕೊಂಡೆ.

ಆ ಹುಡುಗನ ಪ್ರಶ್ನೆಗೆ ಇನ್ನೊಂದು ಮುಖ ಇದೆ. ನಾವು ಬೇಲೂರಿಗೆ ಅರ್ಧ ಗಂಟೆ, ಮುಕ್ಕಾಲು ಗಂಟೆಯ ದಾರಿಯಲ್ಲಿರುವವರು. ಅಲ್ಲಿನ ಮದನಿಕೆಯರನ್ನು ಕೆತ್ತಿದವರಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕಲ್ಲಿನಲ್ಲೇ ಬಿಟ್ಟು ಹೋಗಿದ್ದಾರೆ. ನಮ್ಮ ಜಿಲ್ಲೆಯ ಅಮೃತಾಪುರದಲ್ಲಿ ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮ ಕೆಲಸ ಮಾಡಿದ್ದಾನೆ, ಅವನೂ ಸಹಿ ಹಾಕುತ್ತಿದ್ದ. ಅಲ್ಲಿ ಸಹಿ ಮಾಡಿದವನದು. ಸಿಗ್ನೇಚರ್ ಗಿಟಾರ್‌ನಲ್ಲಿ ಸಹಿ ನುಡಿಸಿದವನದು. ನನ್ನ ಗಿಟಾರಿನ ಇಪ್ಪತ್ತೆರಡು ಫ್ರೆಟ್‌ಗಳ ಅಂಚಿನಲ್ಲಿ ಬೆರಳು ಓಡಿಸಿದರೆ ಎಲ್ಲೂ ತರಚುವುದಿಲ್ಲ. ಇಂಡೋನೇಷ್ಯಾದಲ್ಲಿ ಯಾರೋ ಕೂತು ಅಷ್ಟು ನಯ ಮಾಡಿದ್ದಾರೆ. ಅವರ ಹೆಸರೂ ಎಲ್ಲಾದರೂ ಒಂದು ಕಡೆ, ಪಿಕ್‌ಗಾರ್ಡ್ ಕೆಳಗಾದರೂ ಸರಿ, ಇರಬೇಕಿತ್ತು ಅಂತ ನನಗೆ ನಿಜಕ್ಕೂ ಅನ್ನಿಸುತ್ತದೆ.

ಫ್ರೆಟ್‌ಬೋರ್ಡ್‌ನ ಮರ ರೋಸ್‌ವುಡ್. ಅಂದರೆ ನಮ್ಮ ಬೀಟೆಯ ಕುಲ. ಬ್ರೆಜಿಲ್‌ನ ರೋಸ್‌ವುಡ್‌ನ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಲ್ಲಿ ತಡೆ ಬಿತ್ತು. ಜಗತ್ತಿನ ಗಿಟಾರ್‌ಗಳಿಗೆ ಬೀಟೆ ಒಂದು ದೊಡ್ಡ ಆಸರೆ. 2017ರಿಂದ ಈ ಕುಲದ ಮರಗಳಿಗೆಲ್ಲ ದೇಶದಾಚೆ ಸಾಗಿಸಲು ಪರವಾನಗಿ ಬೇಕಾಯಿತು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ನಮ್ಮ ತೋಟದಲ್ಲೂ ಬೀಟೆ ಇದೆ, ಕಾಫಿಗೆ ನೆರಳು ಕೊಡುತ್ತಾ ನಿಂತಿದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಪ್ಪ ಅದಕ್ಕೆ ಕತ್ತಿ ತಾಗಿಸುವ ಹಾಗಿಲ್ಲ. ಅದು ನಿಧಾನವಾಗಿ ಬೆಳೆಯುವ ಮರ. ಅಂಥ ಮರ ಗಿಟಾರ್ ಆಗಿ ಬಂದಮೇಲೆ ಗೋಡೆಗೆ ನೇತು ಹಾಕಿ ಫೋಟೊ ತೆಗೆಯುವುದು ನನಗೆ ಸರಿ ಕಾಣುವುದಿಲ್ಲ. ಬೆಲೆ ಏರಲಿ ಅಂತ ಪ್ಲಾಸ್ಟಿಕ್ ಕೂಡ ತೆಗೆಯದೆ ಇಟ್ಟುಕೊಳ್ಳುವವರಿದ್ದಾರೆ. ದಯವಿಟ್ಟು ನುಡಿಸಿ. ಮಳೆಗಾಲದಲ್ಲಿ ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿ ಒರೆಸಿ, ಇಲ್ಲಾಂದ್ರೆ ವಾರದಲ್ಲಿ ತುಕ್ಕು. ಗಿಟಾರ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ. ಬೋರ್ಡ್‌ಗೆ ಅಡುಗೆ ಎಣ್ಣೆ ಮಾತ್ರ ಹಚ್ಚಬೇಡಿ, ಕಮಟು ಹಿಡಿಯುತ್ತೆ.

ಭಾನುವಾರ ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಕರೆಂಟ್ ಹೋಯಿತು. ಇನ್ವರ್ಟರ್ ಮೇಲೆ ಆಂಪ್ (ಆಂಪ್ಲಿಫೈಯರ್) ಹಾಕಿದರೆ ಸಿಂಗಲ್ ಕಾಯಿಲ್ ಪಿಕಪ್ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತೆ. ಆಂಪ್ ಇಲ್ಲದೆಯೇ ನುಡಿಸಿದೆ. ಹಂಚಿನ ಮೇಲೆ ಮಳೆ, ಅತ್ತೆಯ ಕಿವಿ ಇನ್ನೂ ಈ ಕಡೆಗೇ. ಮೇಲಿನ ಷಡ್ಜ ಬಂದಾಗ ಅವರು ತಲೆ ಆಡಿಸಿದರು.

ಆ ಹುಡುಗ ತನ್ನ ಹಳೇ ಗಿಟಾರ್ ತಂದು ಇಲ್ಲೇ ಬಿಟ್ಟು ಹೋಗಿದ್ದಾನೆ. "ನೀವೇ ಮಾಡಿಕೊಡಿ ಅಕ್ಕಾ" ಅಂದ. ಆಗಲ್ಲ ಅಂದೆ. ಬರುವ ಭಾನುವಾರ ಅವನೇ ಕೂತು ಮಾಡಬೇಕು, ನಾನು ಪಕ್ಕದಲ್ಲಿ ಇರುತ್ತೇನೆ. ಚಿಕ್ಕಮಗಳೂರು, ಮೂಡಿಗೆರೆ, ಬೇಲೂರು ಕಡೆಯವರು ಯಾರಾದರೂ ಬರುವುದಿದ್ದರೆ ಮೆಸೇಜ್ ಮಾಡಿ. ಹೊಸ ತಂತಿ ಒಂದು ಸೆಟ್ ತನ್ನಿ, ತುಕ್ಕು ಹಿಡಿದ ತಂತಿಯ ಮೇಲೆ ಇಂಟೊನೇಷನ್ ಕೂರುವುದಿಲ್ಲ. ಫೀಲರ್ ಗೇಜ್ ನನ್ನ ಹತ್ತಿರ ಇದೆ.